ಸ್ಪಿಟ್‌ಫೈರ್‌ನ ಟೆಂಪರೇಚರ್ ಮುಳ್ಳು ಸುಳ್ಳು ಹೇಳಿದರೆ ಯಾವ ಪರೀಕ್ಷೆ ವಾಸಿ?

ಹಳೇ ಕಾರಿನ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಯಿತು ಅಂದರೆ ಒಂದೋ ಎಂಜಿನ್ ನಿಜಕ್ಕೂ ಕಾದಿದೆ, ಇಲ್ಲವೇ ಮುಳ್ಳು ಸುಳ್ಳು ಹೇಳುತ್ತಿದೆ. ಇದು ಯಾವುದು ಅಂತ ಖಚಿತ ಮಾಡಿಕೊಳ್ಳದೆ ಪಾರ್ಟ್ ತರೋಕೆ ಹೊರಟರೆ ಜೇಬಿಗೆ ಕತ್ತರಿ ಗ್ಯಾರಂಟಿ. ಮೊದಲು ಥರ್ಮೋಸ್ಟಾಟ್, ಆಮೇಲೆ ವಾಟರ್ ಪಂಪ್, ಕೊನೆಗೆ ರೇಡಿಯೇಟರ್. ಮುಳ್ಳು ಮಾತ್ರ ಇದ್ದಲ್ಲೇ ಇರುತ್ತದೆ.

ನನ್ನದು ಟ್ರಯಂಫ್ ಸ್ಪಿಟ್‌ಫೈರ್ 1500. ಕವೆಂಟ್ರಿಯ ಕ್ಯಾನ್ಲಿ ಕಾರ್ಖಾನೆಯಲ್ಲಿ 1980ರ ವರೆಗೂ ತಯಾರಾಗುತ್ತಿದ್ದ ಎರಡು ಸೀಟಿನ ಗಾಡಿ. ಊರೊಳಗೆ ಓಡಿಸುವಾಗ ಮುಳ್ಳು ಅರ್ಧಕ್ಕಿಂತ ಮೇಲೆ, ಮೋಟರ್‌ವೇ ಹತ್ತಿದರೆ ಮುಕ್ಕಾಲು. ಕೂಲಂಟ್ (ಎಂಜಿನ್ ತಣಿಸುವ ನೀರು) ಕಡಿಮೆಯಾಗಿಲ್ಲ, ಕುದ್ದಿಲ್ಲ, ಹೊಗೆ ಇಲ್ಲ, ವಾಸನೆ ಇಲ್ಲ. ಗೇಜಿನ ಮೇಲೆ ಡಿಗ್ರಿ ಅಂಕಿಯೂ ಇಲ್ಲ, ಆ ಕಡೆ ತಣ್ಣಗೆ ಅನ್ನೋಕೆ ಸಿ, ಈ ಕಡೆ ಬಿಸಿ ಅನ್ನೋಕೆ ಎಚ್, ಅಷ್ಟೇ. ಮುಕ್ಕಾಲು ಅಂದರೆ 95 ಡಿಗ್ರಿಯೋ 115 ಡಿಗ್ರಿಯೋ, ಯಾರಿಗೆ ಗೊತ್ತು? ಹಾಗಾಗಿ ಜನ ಹೇಳುವ ಪರೀಕ್ಷೆಗಳನ್ನೆಲ್ಲ ಇದೇ ಕಾರಿನ ಮೇಲೆ ಮಾಡಿ ನೋಡಿದೆ.

ಮೊದಲು ಈ ಗೇಜ್ ಹೇಗೆ ಕೆಲಸ ಮಾಡುತ್ತೆ ಅನ್ನೋದು ಗೊತ್ತಿರಬೇಕು. ಸ್ಮಿತ್ಸ್ ಕಂಪನಿಯ ಈ ಗೇಜಿನೊಳಗೆ ಎರಡು ಲೋಹ ಸೇರಿಸಿದ ಒಂದು ಪಟ್ಟಿ ಇದೆ. ಕರೆಂಟ್ ಹರಿದರೆ ಅದು ಬಿಸಿಯಾಗಿ ಬಾಗುತ್ತದೆ, ಮುಳ್ಳನ್ನು ತಳ್ಳುತ್ತದೆ. ಎಷ್ಟು ಕರೆಂಟ್ ಹರಿಯಬೇಕು ಅನ್ನೋದನ್ನು ವಾಟರ್ ಪಂಪ್ ಹೌಸಿಂಗ್‌ನಲ್ಲಿ ಕೂತು ನೀರಿನ ಬಿಸಿ ಗ್ರಹಿಸುವ ಸೆಂಡರ್ ತೀರ್ಮಾನಿಸುತ್ತದೆ. ನೀರು ಬಿಸಿಯಾದಷ್ಟೂ ಸೆಂಡರ್‌ನ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಇಳಿಯುತ್ತದೆ, ಮುಳ್ಳು ಏರುತ್ತದೆ. ಬ್ಯಾಟರಿ ವೋಲ್ಟೇಜ್ ಏರಿಳಿದರೂ ಮುಳ್ಳು ಕುಣಿಯಬಾರದು ಅಂತ ಡ್ಯಾಶ್‌ಬೋರ್ಡ್ ಹಿಂದೆ ಒಂದು ಸ್ಟೆಬಿಲೈಜರ್ ಡಬ್ಬಿ ಇಟ್ಟಿದ್ದಾರೆ. ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟಾಟ್ ಥರ ಇದು ಆನ್ ಆಫ್ ಆಗುತ್ತಾ, ಸರಾಸರಿ 10 ವೋಲ್ಟ್ ಕೊಡುತ್ತದೆ.

ಪುಕ್ಕಟೆ ಪರೀಕ್ಷೆ ಇಲ್ಲೇ ಇದೆ. ಆ 10 ವೋಲ್ಟ್ ಪೆಟ್ರೋಲ್ ಗೇಜಿಗೂ ಹೋಗುತ್ತದೆ. ಎರಡೂ ಮುಳ್ಳು ಒಟ್ಟಿಗೆ ಜಾಸ್ತಿ ತೋರಿಸುತ್ತಿದ್ದರೆ ಸ್ಟೆಬಿಲೈಜರ್ ಮೇಲೆ ಅನುಮಾನ. ಅದರಲ್ಲೂ ಡಬ್ಬಿಯ ಅರ್ಥಿಂಗ್ ಸಡಿಲವಾಗಿದ್ದರೆ ಒಳಗಿನ ಕಾಯಿಲ್ ಬಿಸಿಯಾಗೋದೇ ಇಲ್ಲ, ಸ್ವಿಚ್ ತೆರೆಯೋದೇ ಇಲ್ಲ, ಬ್ಯಾಟರಿಯ ಪೂರ್ತಿ ವೋಲ್ಟೇಜ್ ಗೇಜಿಗೆ ನುಗ್ಗುತ್ತದೆ. ನನ್ನ ಕಾರಿನಲ್ಲಿ ಟ್ಯಾಂಕ್ ತುಂಬಿಸಿದಾಗ ಪೆಟ್ರೋಲ್ ಮುಳ್ಳು ಸರಿಯಾಗಿ ಫುಲ್‌ಗೆ ಬಂದು ನಿಲ್ಲುತ್ತಿತ್ತು. ಹಾಗಾದರೆ ಸ್ಟೆಬಿಲೈಜರ್ ಬಹುತೇಕ ಪಾಸ್. ಇದನ್ನು ಡಿಜಿಟಲ್ ಮಲ್ಟಿಮೀಟರ್‌ನಲ್ಲಿ ಅಳೆಯೋಕೆ ಹೋದರೆ ಅಂಕಿ 0ಗೂ 12ಕ್ಕೂ ಮಧ್ಯೆ ಎಗರಾಡುತ್ತದೆ, ಏನೂ ತಿಳಿಯೋದಿಲ್ಲ. ಮಿಣುಕುವ ಟೆಸ್ಟ್ ಲ್ಯಾಂಪೇ ಇಲ್ಲಿ ಮೇಲು.

ಇನ್‌ಫ್ರಾರೆಡ್ ಗನ್ ಬಗ್ಗೆ ಎಲ್ಲರೂ ಹೊಗಳುತ್ತಾರೆ. ಗುರಿ ಇಟ್ಟು ಟ್ರಿಗರ್ ಒತ್ತಿದರೆ ಆಯ್ತು, ಡಿಗ್ರಿ ಬರುತ್ತದೆ. ಸ್ಪಿಟ್‌ಫೈರ್‌ನಲ್ಲಿ ಅದು ಇನ್ನೂ ಸಲೀಸು, ಯಾಕಂದ್ರೆ ಇಡೀ ಮುಂಭಾಗವೇ ಬಾನೆಟ್ ಆಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಟೈರಿನ ಮೇಲೆ ಕೂತೇ ಎಂಜಿನ್ ನೋಡಬಹುದು. ಆದರೆ ಗನ್‌ಗೆ ಹೊಳೆಯುವ ಲೋಹ ಕಂಡರೆ ಆಗೋದಿಲ್ಲ. ಅಲ್ಯೂಮಿನಿಯಂ ತನ್ನ ಶಾಖವನ್ನು ಸರಿಯಾಗಿ ಸೂಸುವುದಿಲ್ಲ, ಸುತ್ತಲಿನದನ್ನು ಪ್ರತಿಫಲಿಸುತ್ತದೆ. ಥರ್ಮೋಸ್ಟಾಟ್ ಮುಚ್ಚಳಕ್ಕೆ ಗುರಿ ಇಟ್ಟಾಗ ನಂಬೋಕೇ ಆಗದಷ್ಟು ಕಡಿಮೆ ಬಂತು. ಅದೇ ಮುಚ್ಚಳಕ್ಕೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು, ಹತ್ತಿರದಿಂದ ಹಿಡಿದಾಗ 80ರ ಆಸುಪಾಸು ಬಂತು. ಈ ಕಾರಿಗೆ ಹಾಕಿರುವುದು 82 ಡಿಗ್ರಿಗೆ ತೆರೆದು ನೀರನ್ನು ರೇಡಿಯೇಟರ್‌ಗೆ ಬಿಡುವ ಥರ್ಮೋಸ್ಟಾಟ್, ಅಂದರೆ ಲೆಕ್ಕ ಸರಿಯಾಯಿತು. ಎಂಜಿನ್ ಆರಾಮಾಗಿದೆ, ಮುಳ್ಳೇ ಸುಳ್ಳು ಹೇಳುತ್ತಿದೆ.

ಗನ್‌ನ ಕೆಲಸ ಅಲ್ಲಿಗೆ ಮುಗಿಯಿತು. ಎಂಜಿನ್ ತಪ್ಪಿತಸ್ಥ ಅಲ್ಲ ಅಂತ ಅದು ಹೇಳಿತು, ಆದರೆ ಗೇಜೋ ವೈರೋ ಸೆಂಡರೋ ಅನ್ನೋದನ್ನು ಅದು ಹೇಗೆ ಹೇಳೀತು? ಜೊತೆಗೆ ಇದನ್ನು ನಿಂತ ಕಾರಿನಲ್ಲಿ ಮಾತ್ರ ಬಳಸಬಹುದು. ಮೋಟರ್‌ವೇಯಲ್ಲಿ 70 ಮೈಲಿ ವೇಗದಲ್ಲಿ ಹೋಗುವಾಗ ಬಾನೆಟ್ ಎತ್ತೋಕೆ ಆಗುತ್ತಾ?

ಮುಂದಿನದು ಹಳೇ ಮೆಕ್ಯಾನಿಕ್‌ಗಳ ವಿದ್ಯೆ. ಸೆಂಡರ್‌ನಿಂದ ಹಸಿರು ಬಣ್ಣಕ್ಕೆ ನೀಲಿ ಗೀಟಿರುವ ವೈರ್ ಕಳಚಿ, ಇಗ್ನಿಷನ್ ಆನ್ ಮಾಡಿ, ವೈರ್ ತುದಿಯನ್ನು ಎಂಜಿನ್ ಬ್ಲಾಕ್‌ಗೆ ತಾಗಿಸುವುದು. ಮುಳ್ಳು ಎಚ್ ಕಡೆ ಹೊರಟರೆ ಗೇಜ್ ಮತ್ತು ವೈರ್ ಜೀವಂತ ಇವೆ ಅಂತ ಅರ್ಥ. ಮುಳ್ಳು ಹೊರಟ ಕೂಡಲೇ ವೈರ್ ತೆಗೆಯಬೇಕು, ಹೆಚ್ಚು ಹೊತ್ತು ಹಿಡಿದರೆ ಗೇಜ್ ಸುಟ್ಟೀತು. ಪೂರ್ತಿ ಸತ್ತ ಗೇಜಿಗೆ ಇದು ಸಾಕು. ತಪ್ಪು ತೋರಿಸುವ ಗೇಜಿಗೆ ಸಾಲದು, ಯಾಕಂದ್ರೆ ಮುಳ್ಳು ಅಲುಗಾಡುತ್ತೆ ಅನ್ನೋದು ನನಗೆ ಮೊದಲೇ ಗೊತ್ತಿತ್ತು.

ನಾನು ಮೊದಲ ಸ್ಥಾನ ಕೊಡೋದು ಒಂದು ಪುಟಾಣಿ ರೆಸಿಸ್ಟರ್‌ಗೆ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಕೇಳಿದರೆ ಚಿಲ್ಲರೆ ಕಾಸಿಗೆ ಸಿಗುವ ಮಾಲು. ಅದೇ ವೈರ್‌ಗೂ ಬ್ಲಾಕ್‌ಗೂ ಮಧ್ಯೆ 68 ಓಮ್ ರೆಸಿಸ್ಟರ್ ಇಟ್ಟೆ. ತೆಳ್ಳನೆಯದು ಬೇಡ, ಬಿಸಿಯಾಗುತ್ತೆ, ಎರಡು ವ್ಯಾಟ್‌ನದು ಇರಲಿ. ಈ ಬಗೆಯ ಸ್ಮಿತ್ಸ್ ಗೇಜು 68 ಓಮ್‌ಗೆ ಹೆಚ್ಚುಕಡಿಮೆ ಅರ್ಧಕ್ಕೆ ಬರಬೇಕು. ಇಲ್ಲಿ ತಾಳ್ಮೆ ಬೇಕು. ಪಟ್ಟಿ ಬಿಸಿಯಾಗಿ ಬಾಗಬೇಕಲ್ವಾ, ಅರ್ಧ ನಿಮಿಷವಾದರೂ ಬೇಕು. ಮುಳ್ಳು ನಿಧಾನಕ್ಕೆ ಎದ್ದು ನಡುಗೆರೆಯ ಮೇಲೆ ನಿಂತಿತು. ಆ ಒಂದೇ ಏಟಿಗೆ ಗೇಜ್, ವೈರ್, ಸ್ಟೆಬಿಲೈಜರ್ ಮೂರೂ ಪಾಸ್. ಉಳಿದದ್ದು ಸೆಂಡರ್ ಒಂದೇ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸ್ಪಷ್ಟ ಉತ್ತರ ಬೇರೆ ಯಾವುದೂ ಕೊಡಲಿಲ್ಲ.

ಸೆಂಡರ್ ತಪ್ಪು ಅಂತ ಸಾಬೀತು ಮಾಡೋಕೆ ಅಡುಗೆಮನೆ ಬೇಕಾಯಿತು. ಕಾರಿನಲ್ಲಿದ್ದದ್ದು ಹಿಂದಿನ ಮಾಲೀಕರು ಹಾಕಿಸಿದ್ದ ಹೊಸ ನಕಲು ಸೆಂಡರ್. ಅವರೇ ಕೊಟ್ಟಿದ್ದ ಬಿಡಿಭಾಗಗಳ ಪೆಟ್ಟಿಗೆಯಲ್ಲಿ ತುದಿ ಮುರಿದ ಹಳೇ ಒರಿಜಿನಲ್ ಕೂಡ ಸಿಕ್ಕಿತು. ಎರಡನ್ನೂ ಒಂದೇ ಪಾತ್ರೆಯ ನೀರಿಗೆ ವೈರ್ ಕಟ್ಟಿ ಇಳಿಬಿಟ್ಟೆ. ಹಿತ್ತಾಳೆ ಮೈ ಮುಳುಗಿರಬೇಕು, ಮೇಲಿನ ತುದಿ ಒಣಗಿರಬೇಕು. ಪಕ್ಕದಲ್ಲಿ ಅಡುಗೆ ಥರ್ಮಾಮೀಟರ್. ಮಲ್ಟಿಮೀಟರ್‌ನ ಒಂದು ತುದಿ ಸೆಂಡರ್‌ನ ಮೈಗೆ, ಇನ್ನೊಂದು ತುದಿ ಟರ್ಮಿನಲ್‌ಗೆ. ತಣ್ಣಗಿದ್ದಾಗ ಎರಡರ ರೆಸಿಸ್ಟೆನ್ಸ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 80 ದಾಟಿದ ಮೇಲೆ ಹೊಸದು ಹಳೆಯದಕ್ಕಿಂತ ಬೇಗ ಬೇಗ ಕೆಳಗಿಳಿಯಿತು. ಮುಳ್ಳು ಮುಕ್ಕಾಲಿಗೆ ಹೋಗುತ್ತಿದ್ದದ್ದು ಇದಕ್ಕೇ. ಊರಲ್ಲಿ ಇದನ್ನು ಮಾಡುವವರಿಗೆ ಒಂದು ಮಾತು: ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುದಿಯುತ್ತಿದೆ ಅಂದ ಮಾತ್ರಕ್ಕೆ 100 ಅಂತ ಬರೆದುಕೊಳ್ಳಬೇಡಿ.

ಈ ಪಾತ್ರೆ ಪರೀಕ್ಷೆಗೆ ಎರಡನೇ ಸ್ಥಾನ. ಹೋಲಿಸೋಕೆ ಇನ್ನೊಂದು ಸೆಂಡರ್ ಇಲ್ಲದಿದ್ದರೆ ಬರೀ ಅಂಕಿ ಇಟ್ಟುಕೊಂಡು ಏನು ಮಾಡೋದು? ಮೇಲಾಗಿ ಸೆಂಡರ್ ಬಿಚ್ಚುವಾಗ ಕೂಲಂಟ್ ಚೆಲ್ಲುತ್ತದೆ. ಎಂಜಿನ್ ಪೂರ್ತಿ ತಣ್ಣಗಾಗದೆ ಅದಕ್ಕೆ ಕೈ ಹಾಕಲೇಬಾರದು.

ಕ್ಯಾಪಿಲರಿ ಗೇಜ್ ಹಾಕಿಸಿ ಅಂತ ಹೇಳುವವರೂ ಇದ್ದಾರೆ. ತಾಮ್ರದ ಸಣ್ಣ ಕೊಳವೆಯಲ್ಲಿ ಈಥರ್ ತುಂಬಿರುತ್ತದೆ, ಕರೆಂಟ್ ಬೇಕಿಲ್ಲ, ಡಿಗ್ರಿ ಅಂಕಿ ಸಮೇತ ತೋರಿಸುತ್ತದೆ. 1962ರಲ್ಲಿ ಬಂದ ಎಂಜಿಬಿ ಕಾರಿನಲ್ಲಿ ಇಂಥದ್ದೇ ಇತ್ತು. ಸ್ನೇಹಿತರ ಕಾರಿನದನ್ನು ನೋಡಿದ್ದೇನೆ, ಎಲ್ಲಕ್ಕಿಂತ ನಿಖರ ಅದೇ. ಆದರೆ ಸ್ಪಿಟ್‌ಫೈರ್‌ಗೆ ಅಡಾಪ್ಟರ್ ಹುಡುಕಿ, ಫೈರ್‌ವಾಲ್‌ನಲ್ಲಿ (ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ತೂತು ಮಾಡಿ, ಕೊಳವೆ ಮಡಚಿಕೊಳ್ಳದ ಹಾಗೆ ಎಳೆಯಬೇಕು. ಮಡಚಿದರೆ ಗೇಜ್ ಗೋವಿಂದ. ತಪ್ಪು ಹುಡುಕೋಕೆ ಇಷ್ಟೆಲ್ಲ ಬೇಡ. ರೇಸಿಗೆ ಹೋಗುವವರು ಹಾಕಿಸಿಕೊಳ್ಳಲಿ.

ಸುಮ್ನೆ ಇನ್ನೊಂದು ಹೊಸ ಸೆಂಡರ್ ತರೋದನ್ನು ನಾನು ಪಟ್ಟಿಯ ಕೊನೆಗೆ ಹಾಕುತ್ತೇನೆ. ಹೊಸದಾಗಿದ್ದೇ ಇಲ್ಲಿ ತಪ್ಪಿತಸ್ಥ. ನಾನು ಮಾಡಿದ್ದು ಬೇರೆ: ಸೆಂಡರ್ ವೈರ್‌ಗೆ ಸರಣಿಯಲ್ಲಿ ಒಂದು ಸಣ್ಣ ರೆಸಿಸ್ಟರ್ ಬೆಸುಗೆ ಹಾಕಿದೆ. ತಣ್ಣಗಿರುವಾಗ ಸೆಂಡರ್‌ನ ರೆಸಿಸ್ಟೆನ್ಸೇ ಜಾಸ್ತಿ, ಇದು ಲೆಕ್ಕಕ್ಕೆ ಬರೋದಿಲ್ಲ. ಬಿಸಿಯಾದಾಗ ಮಾತ್ರ ಇದರ ಪಾಲು ದೊಡ್ಡದಾಗಿ ಮುಳ್ಳನ್ನು ಕೆಳಗಿಡುತ್ತದೆ. ಎಷ್ಟು ಓಮ್ ಬೇಕು ಅನ್ನೋದನ್ನು ಪಾತ್ರೆಯಲ್ಲಿ ಬಂದ ಅಂಕಿಯಿಂದಲೇ ತೆಗೆದುಕೊಂಡೆ: 85 ಡಿಗ್ರಿಯಲ್ಲಿ ಎರಡು ಸೆಂಡರ್‌ಗಳ ನಡುವಿನ ವ್ಯತ್ಯಾಸ. ಟೇಪ್ ಅಂಟಿಸಿದ ಮುಚ್ಚಳಕ್ಕೆ ಗನ್ ಹಿಡಿದು ಮತ್ತೆ ತಾಳೆ ನೋಡಿದೆ. ಗನ್ 80ರ ಮೇಲೆ ತೋರಿಸಿದಾಗ ಮುಳ್ಳು ಅರ್ಧಕ್ಕಿಂತ ಒಂದು ಕೂದಲು ಕೆಳಗೆ.