ಹಳೆ ಸ್ಟಿಕ್, ಹಾಲ್ ಸ್ಟಿಕ್, ಗೇಮ್‌ಪ್ಯಾಡ್: ಮೂರನ್ನೂ ಹಾರಿಸಿ ನೋಡಿದ್ದು

ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಹಾರಿಸುವಾಗ ವಿಮಾನ ತಾನಾಗಿಯೇ ಎಡಕ್ಕೆ ವಾಲುತ್ತದೆ. ಗುರಿಯ ಮೇಲೆ ಗನ್‌ಸೈಟ್ ನಿಲ್ಲುವುದಿಲ್ಲ. ಮುಟ್ಟದಿದ್ದರೂ ಥ್ರಾಟಲ್ (ಎಂಜಿನ್‌ನ ಶಕ್ತಿ ಏರಿಳಿಸುವ ಹಿಡಿ) ಕುಣಿಯುತ್ತದೆ. ಯಾರ ಹತ್ತಿರ ಹೇಳಿಕೊಂಡರೂ ಸಿಗುವ ಸಲಹೆ ಒಂದೇ: ಹೊಸ ಜಾಯ್‌ಸ್ಟಿಕ್ ತಗೊಳ್ಳಿ. ತುಮಕೂರಿನಲ್ಲಿ ಕೂತವರಿಗೆ ಈ ಸಲಹೆ ಅಷ್ಟು ಸಲೀಸಲ್ಲ. ಇಲ್ಲಿ ಅಂಗಡಿಗೆ ಹೋಗಿ, ಕೈಯಲ್ಲಿ ಹಿಡಿದು ನೋಡಿ ಕೊಳ್ಳುವಷ್ಟು ಆಯ್ಕೆ ಸಿಗುವುದಿಲ್ಲ. ಕಣ್ಣು ಮುಚ್ಚಿ ಆನ್‌ಲೈನ್‌ನಲ್ಲಿ ತರಿಸಬೇಕು, ಇಲ್ಲವೇ ಸುಮಾರು 70 ಕಿಲೋಮೀಟರ್ ಆಚೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸುತ್ತಬೇಕು.

ನನ್ನ ಹತ್ತಿರ ಪೊಟೆನ್ಶಿಯೋಮೀಟರ್ ಇರುವ ಹಳೆ ಸ್ಟಿಕ್ ಇತ್ತು. ಆಮೇಲೆ ಹಾಲ್ ಸೆನ್ಸರ್ ಇರುವುದೊಂದನ್ನು ತಂದೆ. ಅಕ್ಕನ ಮಗನ ಗೇಮ್‌ಪ್ಯಾಡ್ ಹೇಗೂ ಮನೆಯಲ್ಲೇ ಬಿದ್ದಿರುತ್ತದೆ. ಮೂರನ್ನೂ ಒಂದೇ ಕಂಪ್ಯೂಟರಿಗೆ ಹಾಕಿ ಡಿಸಿಎಸ್ ವರ್ಲ್ಡ್ ಎಂಬ ಯುದ್ಧವಿಮಾನ ಸಿಮ್ಯುಲೇಟರ್‌ನಲ್ಲಿ ಹಾರಿಸಿದೆ. ಅದರ ಜೊತೆ ಉಚಿತವಾಗಿ ಬರುವ ಸು-25ಟಿ ಜೆಟ್, ಪ್ರೊಪೆಲ್ಲರ್ ಇರುವ ಟಿಎಫ್-51ಡಿ ಮಸ್ಟಾಂಗ್, ಹೆಲಿಕಾಪ್ಟರ್‌ಗಳ ಪೈಕಿ ಬೇರೆಯಾಗಿ ಕೊಳ್ಳಬೇಕಾದ ಹ್ಯೂಯಿ. ಬ್ರ್ಯಾಂಡ್ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಒಳಗಿನ ಸೆನ್ಸರ್ ಯಾವುದು, ಸ್ಪ್ರಿಂಗ್ ಎಂಥದ್ದು ಅನ್ನುವುದೇ ಇಲ್ಲಿ ಲೆಕ್ಕಕ್ಕೆ ಬರುವುದು.

ಹೋಲಿಸುವ ಮುಂಚೆ ಒಂದು ಪರೀಕ್ಷೆ ಮಾಡಲೇಬೇಕು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಜಾಯ್ ಡಾಟ್ ಸಿಪಿಎಲ್ ಎಂದು ಟೈಪ್ ಮಾಡಿದರೆ ಗೇಮ್ ಕಂಟ್ರೋಲರ್‌ಗಳ ಪುಟ್ಟ ಕಿಟಕಿ ತೆರೆಯುತ್ತದೆ. ಅದರ ಪ್ರಾಪರ್ಟೀಸ್ ಒಳಗೆ ಚೌಕದಲ್ಲಿ ಒಂದು ಪ್ಲಸ್ ಗುರುತು ಇರುತ್ತದೆ. ಸ್ಟಿಕ್‌ನಿಂದ ಕೈ ತೆಗೆದು ಸುಮ್ನೆ ಅದನ್ನು ನೋಡಿ. ಆಮೇಲೆ ಡಿಸಿಎಸ್ ಒಳಗೆ, ಹಾರುತ್ತಿರುವಾಗಲೇ, ಬಲಗಡೆಯ ಕಂಟ್ರೋಲ್ ಜೊತೆ ಎಂಟರ್ ಒತ್ತಿ. ಸಿಮ್ಯುಲೇಟರಿಗೆ ನಿಮ್ಮ ಸ್ಟಿಕ್, ರಡ್ಡರ್ (ಮೂತಿಯನ್ನು ಎಡ-ಬಲಕ್ಕೆ ತಿರುಗಿಸುವ ಬಾಲದ ಪಟ್ಟಿ), ಥ್ರಾಟಲ್ ಎಲ್ಲಿವೆಯೆಂದು ಕಾಣುತ್ತಿದೆ ಅನ್ನುವುದನ್ನು ತೋರಿಸುವ ಕೆಂಪು ಚಿತ್ರ ಪರದೆಯ ಮೇಲೆ ಬರುತ್ತದೆ. ವಿಂಡೋಸ್‌ನಲ್ಲಿ ಪ್ಲಸ್ ಅಲ್ಲಾಡದೆ ನಿಂತು, ಸಿಮ್ಯುಲೇಟರಿನ ಚಿತ್ರ ಮಾತ್ರ ಕುಣಿಯುತ್ತಿದ್ದರೆ ತಪ್ಪು ಸೆಟ್ಟಿಂಗ್‌ನಲ್ಲಿದೆ, ದುಡ್ಡು ಖರ್ಚು ಮಾಡಬೇಡಿ. ಎರಡೂ ಕುಣಿದರೆ ಸ್ಟಿಕ್ ತೊಂದರೆ ಕೊಡುತ್ತಿದೆ ಅಂತ ಅರ್ಥ.

ಹಳೆ ಸ್ಟಿಕ್‌ನಲ್ಲಿ ಎರಡೂ ಕುಣಿಯುತ್ತಿದ್ದವು. ಪೊಟೆನ್ಶಿಯೋಮೀಟರ್ ಅಂದರೆ ನಮ್ಮ ಹಳೆ ರೇಡಿಯೋದ ವಾಲ್ಯೂಮ್ ನಾಬ್ ಇದ್ದ ಹಾಗೆ. ಒಳಗೆ ಕಾರ್ಬನ್ ಪಟ್ಟಿ, ಅದರ ಮೇಲೆ ಉಜ್ಜಿಕೊಂಡು ಓಡಾಡುವ ಒಂದು ಲೋಹದ ನಾಲಿಗೆ. ಪಟ್ಟಿ ಸವೆದರೆ ಅಥವಾ ಧೂಳು ಕೂತರೆ ರೇಡಿಯೋ ಕರಕರ ಅನ್ನುತ್ತಿತ್ತಲ್ಲ, ಇಲ್ಲಿ ವಿಮಾನ ನಡುಗುತ್ತದೆ. ಬೇಸಿಗೆಯಲ್ಲಿ ಕಿಟಕಿ ಮುಚ್ಚಿ ಕೂರಲು ಆಗುವುದಿಲ್ಲ, ತೆಗೆದರೆ ರಸ್ತೆಯ ಧೂಳೆಲ್ಲ ಮೇಜಿನ ಮೇಲೆ. ಸ್ಟಿಕ್ ಯಾವಾಗಲೂ ನಡುವಿನಲ್ಲೇ ಜಾಸ್ತಿ ಓಡಾಡುವುದರಿಂದ ಸವೆತವೂ ಅಲ್ಲೇ ಜಾಸ್ತಿ. ಗುರಿ ಇಡುವಾಗ ಬೇಕಾಗುವುದೂ ಅದೇ ಜಾಗ!

ಇದಕ್ಕೆ ಮದ್ದು ಎರಡು. ಒಂದು, ಸೆಟ್ಟಿಂಗ್‌ನಲ್ಲಿ ಡೆಡ್‌ಝೋನ್ ಕೊಡುವುದು, ಅಂದರೆ ನಡುವಿನ ಸಣ್ಣ ಅಲುಗಾಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡ ಅನ್ನುವುದು. ಇನ್ನೊಂದು, ಬಿಚ್ಚಿ ಕ್ಲೀನ್ ಮಾಡುವುದು. ಮೊದಲನೆಯದು ಅರ್ಧ ನಿಮಿಷದ ಕೆಲಸ. ಡಿಸಿಎಸ್‌ನ ಆಕ್ಸಿಸ್ ಟ್ಯೂನ್ ಕಿಟಕಿಯಲ್ಲಿ (ಆಕ್ಸಿಸ್ ಅಂದರೆ ಸಾಧನ ಓಡಾಡುವ ಒಂದೊಂದು ದಿಕ್ಕು) 5 ಕೊಟ್ಟೆ, ನಡುಕ ಮಾಯ. ಆದರೆ ಸು-25ಟಿಯಲ್ಲಿ ನೆಲದ ಗುರಿಯ ಮೇಲೆ ಗನ್ ಹಿಡಿದು ಇಳಿಯುವಾಗ ಬಣ್ಣ ಬಯಲಾಯಿತು. ಮೂತಿಯನ್ನು ಒಂಚೂರು ಸರಿಸಬೇಕು ಅಂದಾಗ ಮೊದಲು ಏನೂ ಆಗುವುದಿಲ್ಲ, ಆಮೇಲೆ ಬೇಕಾದ್ದಕ್ಕಿಂತ ಜಾಸ್ತಿ ಸರಿಯುತ್ತದೆ. ಅದನ್ನು ವಾಪಸ್ ತರಲು ಮತ್ತೆ ಅದೇ ಸತ್ತ ಜಾಗ ದಾಟಬೇಕು. ಅಷ್ಟರಲ್ಲಿ ಗುರಿ ಹಿಂದೆ ಉಳಿದಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಸ್ಟಿಕ್ ಅನ್ನು ಎಲ್ಲ ದಿಕ್ಕಿಗೂ ಚೆನ್ನಾಗಿ ತಿರುಗಿಸಿ, ಒಣಗಲು ಬಿಟ್ಟ ಮೇಲೆ ಡೆಡ್‌ಝೋನ್ 2ಕ್ಕೆ ಇಳಿಸಿದರೂ ಸಾಕಾಯಿತು. ಹೋಲಿಸಿದರೆ ಸ್ಪ್ರೇಯೇ ಮೇಲು. ಪ್ಲಾಸ್ಟಿಕ್‌ಗೆ ಆಗಿಬರುವ ಸ್ಪ್ರೇ ಕೇಳಿ ತಗೊಳ್ಳಿ, ತುಕ್ಕು ಬಿಡಿಸುವ ಎಣ್ಣೆ ಬೇಡ. ಮತ್ತೆ, ಸವೆದ ಕಾರ್ಬನ್ ಯಾವ ಸ್ಪ್ರೇಯಿಂದಲೂ ವಾಪಸ್ ಬರುವುದಿಲ್ಲ. ನನ್ನ ಸ್ಟಿಕ್‌ನ ಟ್ವಿಸ್ಟ್ ರಡ್ಡರ್ (ಸ್ಟಿಕ್ ಅನ್ನೇ ತಿರುಚಿ ಕೊಡುವ ರಡ್ಡರ್) ಸ್ಪ್ರೇ ಹೊಡೆದ ಮೇಲೂ ನಡುಗುತ್ತಲೇ ಇದೆ.

ಹಾಲ್ ಸ್ಟಿಕ್‌ನಲ್ಲಿ ಉಜ್ಜುವ ಭಾಗವೇ ಇಲ್ಲ. ಒಂದು ಅಯಸ್ಕಾಂತ ತಿರುಗುತ್ತದೆ, ಚಿಪ್ ಅದರ ಕ್ಷೇತ್ರವನ್ನು ಅಳೆಯುತ್ತದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವೇ ಇದರ ಹಿಂದಿರುವುದು. ಪ್ಲಸ್ ಗುರುತು ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತು. ಡೆಡ್‌ಝೋನ್ ಸೊನ್ನೆ. ಅದೇ ಗನ್ ಇಳಿತದಲ್ಲಿ ಸಣ್ಣ ಸಣ್ಣ ತಿದ್ದುಪಡಿಗಳೆಲ್ಲ ಕೈ ಅಂದುಕೊಂಡಷ್ಟೇ ಬಂದವು. ನಡುಕದ ಮಟ್ಟಿಗೆ ಇಲ್ಲಿ ಸ್ಪರ್ಧೆಯೇ ಇಲ್ಲ.

ಆದರೆ ಕೊಳ್ಳುವವರು ಎರಡು ವಿಷಯ ಗಮನಿಸಬೇಕು. ಪೆಟ್ಟಿಗೆಯ ಮೇಲೆ ಹಾಲ್ ಎಂದು ಬರೆದಿದ್ದರೂ ಹಲವು ಸ್ಟಿಕ್‌ಗಳಲ್ಲಿ ಅದು ಮುಂದೆ-ಹಿಂದೆ, ಎಡ-ಬಲಕ್ಕೆ ಮಾತ್ರ. ಟ್ವಿಸ್ಟ್ ಮತ್ತು ಥ್ರಾಟಲ್ ಸ್ಲೈಡರ್ ಮಾಮೂಲಿ ಪೊಟೆನ್ಶಿಯೋಮೀಟರೇ ಆಗಿರುತ್ತವೆ. ಇನ್ನೊಂದು ಸ್ಪ್ರಿಂಗ್. ಒಂದೇ ದೊಡ್ಡ ಸ್ಪ್ರಿಂಗ್ ಇರುವ ಸ್ಟಿಕ್‌ನಲ್ಲಿ ನಡು ದಾಟುವಾಗ ಕೈಗೆ ಒಂದು ತಡೆ ಸಿಗುತ್ತದೆ. ಸೆನ್ಸರ್ ಎಷ್ಟೇ ನುಣುಪಾಗಿದ್ದರೂ ಆ ತಡೆ ಹೋಗುವುದಿಲ್ಲ. ಜೆಟ್‌ನಲ್ಲಿ ಅದು ಗೊತ್ತಾಗುವುದೇ ಕಡಿಮೆ. ಹೆಲಿಕಾಪ್ಟರಿನಲ್ಲಿ ಪ್ರತಿ ಕ್ಷಣವೂ ಗೊತ್ತಾಗುತ್ತದೆ.

ಗೇಮ್‌ಪ್ಯಾಡ್ ವಿಷಯ ಬೇಗ ಮುಗಿಸುತ್ತೇನೆ. ಹೆಬ್ಬೆರಳಿನ ಸ್ಟಿಕ್ ಓಡುವ ದೂರವೇ ಚಿಕ್ಕದು, ಅದರಲ್ಲಿ ನಾಜೂಕು ಎಲ್ಲಿಂದ ಬರಬೇಕು? ನಡುವಿನಲ್ಲಿ ಸ್ಟಿಕ್ ಅನ್ನು ಮೆತ್ತಗೆ ಮಾಡುವ ಕರ್ವ್ ಸೆಟ್ಟಿಂಗ್ ಚೆನ್ನಾಗಿ ಏರಿಸಿದರೆ ಜೆಟ್ ಹಾರಿಸಬಹುದು. ಮಸ್ಟಾಂಗ್‌ನಲ್ಲಿ ಬೇಡವೇ ಬೇಡ. ಬರೀ ಕಾದಾಟದ ಮಜಾ ಸಾಕು ಅನ್ನುವವರಿಗೆ ಗೇಮ್‌ಪ್ಯಾಡ್‌ಗಿಂತ ವಾರ್ ಥಂಡರ್ ಎಂಬ ಇನ್ನೊಂದು ಆಟದ ಮೌಸ್ ಏಮ್ ಎಷ್ಟೋ ಮೇಲು. ನೀವು ಮೌಸ್‌ನಿಂದ ಎತ್ತ ತೋರಿಸುತ್ತೀರೋ ಅತ್ತ ವಿಮಾನವನ್ನು ಆಟವೇ ತಿರುಗಿಸುತ್ತದೆ. ಅದರ ಸಿಮ್ಯುಲೇಟರ್ ಮೋಡ್‌ಗೆ ಹೋದರೆ ಮಾತ್ರ ಈ ಸೌಲಭ್ಯ ಇಲ್ಲ.

ಗೇಮ್‌ಪ್ಯಾಡ್ ಇನ್ನೊಂದು ಕೆಲಸವನ್ನು ಮಾತ್ರ ಸದ್ದಿಲ್ಲದೆ ಮಾಡುತ್ತದೆ, ಅದನ್ನು ಹೇಳದಿದ್ದರೆ ಆಗದು. ಹೊಸ ಸಾಧನ ಕಂಡರೆ ಡಿಸಿಎಸ್ ಅದಕ್ಕೆ ತಾನೇ ಒಂದಷ್ಟು ಆಕ್ಸಿಸ್ ಹಂಚಿಬಿಡುತ್ತದೆ. ಒಂದೇ ಸ್ಟಿಕ್ ಇರುವವರಿಗೆ ಅದು ಅನುಕೂಲ. ಸ್ಟಿಕ್, ಥ್ರಾಟಲ್, ಕಾಲಿನಿಂದ ರಡ್ಡರ್ ಕೊಡುವ ಪೆಡಲ್, ಗೇಮ್‌ಪ್ಯಾಡ್ ಎಲ್ಲ ಚುಚ್ಚಿಕೊಂಡು ಕೂತವರಿಗೆ ವಿಮಾನವನ್ನು ಎಡ-ಬಲಕ್ಕೆ ವಾಲಿಸುವ ಒಂದೇ ರೋಲ್ ಆಕ್ಸಿಸ್‌ಗೆ ಇಬ್ಬಿಬ್ಬರು ಯಜಮಾನರು. ಅಕ್ಕನ ಮಗ ಒಂದು ಸಂಜೆ ಫೋನ್ ಮಾಡಿ, "ಮಾಮ, ನಾನು ಥ್ರಾಟಲ್ ಇಳಿಸ್ತೀನಿ, ಅದು ತಿರುಗಿ ಮೇಲೆ ಹೋಗುತ್ತೆ. ಥ್ರಾಟಲ್ ಹೋಯ್ತು ಅನ್ಸುತ್ತೆ" ಅಂದ. ವಿಂಡೋಸ್‌ನಲ್ಲಿ ನೋಡು ಅಂದೆ, ಅಲ್ಲಿ ನೆಟ್ಟಗಿತ್ತು. ಕಂಟ್ರೋಲ್ಸ್ ಪಟ್ಟಿಯಲ್ಲಿ ಆಕ್ಸಿಸ್ ಕಮಾಂಡ್ಸ್ ತೆರೆಸಿದೆ. ಪ್ರತಿ ಸಾಧನಕ್ಕೂ ಒಂದೊಂದು ಕಾಲಂ ಇರುತ್ತದೆ. ಥ್ರಾಟಲ್ ಸಾಲಿನಲ್ಲಿ ಮೂರು ಕಡೆ ಹೆಸರು! ಬೇಡದ ಕಾಲಂಗಳನ್ನು ಕ್ಲಿಯರ್ ಮಾಡಿದ ಮೇಲೆ ಸರಿಹೋಯಿತು. ಇದನ್ನು ಒಂದೊಂದು ವಿಮಾನಕ್ಕೂ ಬೇರೆ ಬೇರೆ ಮಾಡಬೇಕು ಅನ್ನುವುದೇ ತಲೆನೋವು.

ಇನ್ನು ಕರ್ವ್ ಒಳ್ಳೆಯದೋ, ಸ್ಯಾಚುರೇಷನ್ ಒಳ್ಳೆಯದೋ? ಕರ್ವ್ ಕೊಟ್ಟರೆ ನಡುವಿನಲ್ಲಿ ಸ್ಟಿಕ್ ಮೆತ್ತಗಾಗುತ್ತದೆ, ಅಂಚಿನಲ್ಲಿ ಅಷ್ಟೇ ಚುರುಕಾಗುತ್ತದೆ. ಇಲ್ಲಿ ಉಳಿಸಿದ್ದನ್ನು ಅಲ್ಲಿ ತೆತ್ತೇ ತೀರಬೇಕು. ವೈ ಸ್ಯಾಚುರೇಷನ್ ಇಳಿಸಿದರೆ ಇಡೀ ಓಟ ಒಂದೇ ಸಮ ಮೆತ್ತಗಾಗುತ್ತದೆ, ಆದರೆ ಪೂರ್ತಿ ಸ್ಟಿಕ್ ಎಳೆದರೂ ವಿಮಾನಕ್ಕೆ ಪೂರ್ತಿ ಸಿಗುವುದಿಲ್ಲ. ಕಾದಾಟದಲ್ಲಿ ತಿರುವು ಬಿಗಿಯಾಗಬೇಕಾದಾಗ ಅದು ಕೈಕೊಡುತ್ತದೆ. ಹಾಗಾಗಿ ಸು-25ಟಿ, ಮಸ್ಟಾಂಗ್ ಎರಡಕ್ಕೂ ನಾನು 15ರ ಆಸುಪಾಸು ಕರ್ವ್ ಇಟ್ಟಿದ್ದೇನೆ, ಸ್ಯಾಚುರೇಷನ್ ಮುಟ್ಟಿಲ್ಲ.

ಹೆಲಿಕಾಪ್ಟರಿಗೆ ಲೆಕ್ಕ ತಿರುವುಮುರುವು. 2023ರ ಫೆಬ್ರವರಿ 6ರಂದು ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆದಾಗಿನಿಂದ ಅಕ್ಕನ ಮಗನಿಗೆ ಅದೇ ಹುಚ್ಚು, ಹಾಗಾಗಿ ಹ್ಯೂಯಿಯನ್ನು ಜಾಸ್ತಿ ಹಾರಿಸಿದ್ದು ಅವನೇ. ಹ್ಯೂಯಿ ಗಾಳಿಯಲ್ಲಿ ನಿಂತಾಗಲೂ (ಅದೇ ಹೋವರ್) ಸೈಕ್ಲಿಕ್, ಅಂದರೆ ಹೆಲಿಕಾಪ್ಟರಿನ ಸ್ಟಿಕ್, ಸರಿಯಾಗಿ ನಡುವಿನಲ್ಲಿ ಇರುವುದಿಲ್ಲ. ಕರ್ವ್ ಇದ್ದರೆ ನಡುವಿನಿಂದ ದೂರ ಹೋದಷ್ಟೂ ಸ್ಟಿಕ್ ಚುರುಕಾಗುತ್ತಾ ಹೋಗಿ ಕೈ ಅಂದಾಜು ತಪ್ಪುತ್ತದೆ. ಕರ್ವ್ ಸೊನ್ನೆ ಮಾಡಿ, ವೈ ಸ್ಯಾಚುರೇಷನ್ ಸ್ವಲ್ಪ ಇಳಿಸಿದಾಗ ಅವನ ಹೋವರ್ ನೆಟ್ಟಗಾಯಿತು. ಜೊತೆಗೆ, ಸ್ಟಿಕ್ ಇದ್ದ ಸ್ಥಾನವನ್ನು ಹಿಡಿದಿಡುವ ಟ್ರಿಮ್ ಬಟನ್ ಒತ್ತಿದ ಮೇಲೆ ಮೂತಿ ಧಡಕ್ಕನೆ ಹಾರುತ್ತಿತ್ತು. ಸ್ಪ್ರಿಂಗ್ ಇರುವ ಸ್ಟಿಕ್ ನಡುವಿಗೆ ಮರಳುವ ಮುಂಚೆಯೇ ಸಿಮ್ಯುಲೇಟರ್ ಅದನ್ನು ಓದಿಬಿಟ್ಟರೆ ಹಾಗಾಗುತ್ತದೆ. ಸ್ಪೆಷಲ್ ಟ್ಯಾಬ್‌ನಲ್ಲಿ ಸೆಂಟ್ರಲ್ ಪೊಸಿಷನ್ ಟ್ರಿಮ್ಮರ್ ಮೋಡ್ ಆರಿಸಿದರೆ ಸ್ಟಿಕ್ ನಡುವಿಗೆ ಬರುವವರೆಗೂ ಅದು ಕಾಯುತ್ತದೆ. ಇದಕ್ಕೆ ಹೊಸ ಸ್ಟಿಕ್ ತಂದಿದ್ದರೂ ಏನೂ ಬದಲಾಗುತ್ತಿರಲಿಲ್ಲ, ಅಲ್ವಾ?

ಟ್ವಿಸ್ಟ್ ರಡ್ಡರ್ ಮತ್ತು ಪೆಡಲ್ ನಡುವಿನ ಪಂದ್ಯಕ್ಕೆ ಮಸ್ಟಾಂಗ್‌ಗಿಂತ ಒಳ್ಳೆ ಮೈದಾನ ಇಲ್ಲ. ಥ್ರಾಟಲ್ ಏರಿಸಿದ ಕೂಡಲೇ ಅದು ಎಡಕ್ಕೆ ಎಳೆಯುತ್ತದೆ, ಬಲ ರಡ್ಡರ್ ಕೊಡುತ್ತಲೇ ಇರಬೇಕು. ಹಿಂದಿನ ಚಕ್ರ ಲಾಕ್ ಆಗಿರಲು ಸ್ಟಿಕ್ ಅನ್ನು ಹಿಂದಕ್ಕೆ ಎಳೆದೂ ಹಿಡಿದಿರಬೇಕು. ಒಂದೇ ಕೈಯಲ್ಲಿ ಹಿಂದಕ್ಕೆ ಎಳೆದು, ಬಲಕ್ಕೆ ತಿರುಚಿದರೆ ಸ್ಟಿಕ್ ಗೊತ್ತಿಲ್ಲದೆ ಬಲಕ್ಕೂ ವಾಲುತ್ತದೆ. ರೆಕ್ಕೆ ನೆಲ ಮುಟ್ಟುತ್ತದೆ. ಸೆಟ್ಟಿಂಗ್ ಎಷ್ಟು ತಿದ್ದಿದರೂ ಇದು ಹೋಗಲಿಲ್ಲ. ಇಲ್ಲಿ ಮಾತ್ರ ದುಡ್ಡು ಕೊಟ್ಟೇ ಸಮಸ್ಯೆ ಬಗೆಹರಿಸಬೇಕು. ಸೆಕೆಂಡ್ ಹ್ಯಾಂಡ್ ಪೆಡಲ್ ಸಿಕ್ಕರೂ ನಡೆಯುತ್ತದೆ. ಹೊಸ ಸ್ಟಿಕ್ಕೋ ಪೆಡಲೋ ಎಂದು ಕೇಳಿದರೆ, ಹಳೆ ಯುದ್ಧವಿಮಾನ ಇಷ್ಟಪಡುವವರಿಗೆ ಹಳೆ ಸ್ಟಿಕ್ ಜೊತೆ ಪೆಡಲ್ ತಗೊಳ್ಳಿ ಅನ್ನುತ್ತೇನೆ. ಬರೀ ಜೆಟ್ ಸಾಕು ಅನ್ನುವವರು ಹಾಲ್ ಸ್ಟಿಕ್ ತಗೊಳ್ಳಲಿ.

ಪೆಡಲ್ ಹಾಕಿದ ಮೇಲೆ ವಿಮಾನ ಜಾಗ ಬಿಟ್ಟು ಕದಲದಿದ್ದರೆ ಗಾಬರಿ ಬೇಡ. ಪಾದದ ತುದಿಯಿಂದ ಒತ್ತುವ ಬ್ರೇಕ್‌ನ ಆಕ್ಸಿಸ್ ತಿರುಗುಮುರುಗಾಗಿ, ಕಾಲು ತೆಗೆದಾಗ ಪೂರ್ತಿ ಬ್ರೇಕ್ ಬಿದ್ದಿರುತ್ತದೆ. ಆಕ್ಸಿಸ್ ಟ್ಯೂನ್‌ನಲ್ಲಿ ಇನ್ವರ್ಟ್ ಒತ್ತಿದರೆ ಆಯಿತು. ಟೈಲ್ಸ್ ನೆಲದಲ್ಲಿ ಪೆಡಲ್ ಜಾರುತ್ತದೆ, ಗೋಡೆಗೆ ಒತ್ತಿ ಇಟ್ಟುಕೊಳ್ಳಿ.

ಇಷ್ಟೆಲ್ಲ ಸಾಧನ ಸೇರಿದ ಮೇಲೆ ಯುಎಸ್‌ಬಿ ಹಬ್ ಬೇಕೇ ಬೇಕು. ಕರೆಂಟ್ ಅಡಾಪ್ಟರ್ ಇಲ್ಲದ ಹಬ್‌ನಲ್ಲಿ ಆಗಾಗ ಪೆಡಲ್ ಮಾಯವಾಗುತ್ತಿತ್ತು, ಅಡಾಪ್ಟರ್ ಇರುವುದರಲ್ಲಿ ಆ ಕಾಟ ಇಲ್ಲ. ಆದರೆ ಆ ಅಡಾಪ್ಟರ್ ಅನ್ನು ಯುಪಿಎಸ್‌ಗೇ ಚುಚ್ಚಿ. ಕರೆಂಟ್ ಹೋದಾಗ ಕಂಪ್ಯೂಟರ್ ನಡೆಯುತ್ತಲೇ ಇದ್ದು ಹಬ್ ಮಾತ್ರ ಸತ್ತರೆ, ಶತ್ರು ಬೆನ್ನ ಹಿಂದೆ ಇರುವಾಗ ಸ್ಟಿಕ್ಕೇ ಇಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ತೆರೆದು, ವಿದ್ಯುತ್ ಉಳಿಸಲು ಸಾಧನ ಆಫ್ ಮಾಡಬಹುದು ಅನ್ನುವ ಟಿಕ್ ಕೂಡ ತೆಗೆದುಹಾಕಿ. ಎಲ್ಲ ಸರಿಯಾದ ಮೇಲೆ ಯಾವ ವೈರ್ ಯಾವ ಪೋರ್ಟ್‌ಗೆ ಅಂತ ಚೀಟಿ ಅಂಟಿಸಿ. ಪೋರ್ಟ್ ಬದಲಾದರೆ ಕೆಲವೊಮ್ಮೆ ವಿಂಡೋಸ್ ಅದೇ ಸ್ಟಿಕ್‌ಗೆ ಬೇರೆ ಗುರುತು ಕೊಡುತ್ತದೆ, ಸಿಮ್ಯುಲೇಟರ್ ಅದನ್ನು ಹೊಸದೆಂದು ತಿಳಿದು ನಿಮ್ಮ ಬೈಂಡಿಂಗ್ (ಯಾವ ಬಟನ್‌ಗೆ ಯಾವ ಕೆಲಸ ಅನ್ನುವ ಹೊಂದಿಕೆ) ಎಲ್ಲ ಬಿಟ್ಟುಬಿಡುತ್ತದೆ. ಸೇವ್ಡ್ ಗೇಮ್ಸ್ ಒಳಗಿನ ಡಿಸಿಎಸ್ ಫೋಲ್ಡರ್‌ನಲ್ಲಿ ಕಾನ್ಫಿಗ್, ಅದರೊಳಗೆ ಇನ್‌ಪುಟ್ ಎಂಬ ಫೋಲ್ಡರ್ ಇದೆ. ಅದನ್ನು ಒಂದು ಪೆನ್ ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ.