ಗ್ಯಾಸ್ಟ್ರೋಪಬ್ಬೋ, ಹಳೇ ಪಬ್ಬೋ, ಚೈನ್ ಪಬ್ಬೋ: ಲಂಡನ್ನಿನಲ್ಲಿ ಅದೇ ಊಟ, ಮೂರು ಕಡೆ

ಲಂಡನ್ನಿನ ಯಾವ ಬಡಾವಣೆಗೆ ಹೋದರೂ ಒಂದು ಗ್ಯಾಸ್ಟ್ರೋಪಬ್, ಅಂದರೆ ಕುಡಿತದಷ್ಟೇ ಊಟಕ್ಕೂ ಒತ್ತು ಕೊಡುವ ಪಬ್, ಇದ್ದೇ ಇರುತ್ತದೆ. ಹೊರಗೋಡೆಗೆ ಕಡುನೀಲಿ ಇಲ್ಲವೇ ಬೂದು ಬಣ್ಣ, ಒಳಗೆ ಉಜ್ಜಿ ಹೊಳಪಿಸಿದ ಮರದ ನೆಲ, ಒಂದಕ್ಕೊಂದು ಜೋಡಿಯಲ್ಲದ ಕುರ್ಚಿಗಳು, ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಮೆನು. ಬಾಗಿಲಲ್ಲೇ ಹಸಿವಾಗುತ್ತದೆ. ತಟ್ಟೆ ಬಂದ ಮೇಲೆ ಮಾತ್ರ, ಇಷ್ಟಕ್ಕೆ ಇಷ್ಟು ದುಡ್ಡೇ ಅನ್ನಿಸುತ್ತದೆ. ಎಲ್ಲ ಗ್ಯಾಸ್ಟ್ರೋಪಬ್ಬುಗಳೂ ಹೀಗಲ್ಲ. ಆದರೆ ಬೀದಿ ಮೂಲೆಯ ಗ್ಯಾಸ್ಟ್ರೋಪಬ್ಬುಗಳಲ್ಲಿ ಹೀಗಿರುವುದೇ ಹೆಚ್ಚು.

ಹೋಲಿಕೆಗೆ ತೆಗೆದುಕೊಂಡದ್ದು ಒಂದೇ ಬಡಾವಣೆಯ ಮೂರು ಜಾಗ: ಒಂದು ಗ್ಯಾಸ್ಟ್ರೋಪಬ್, ಭಾನುವಾರ ಬಿಟ್ಟರೆ ಅಡುಗೆಮನೆ ತೆರೆಯದ ಒಂದು ಹಳೇ ಪಬ್, ಒಂದೇ ಕಂಪನಿಯ ಹಲವು ಪಬ್ಬುಗಳ ದೊಡ್ಡ ಚೈನಿಗೆ ಸೇರಿದ ಒಂದು ಪಬ್. ಮೂರರ ಹೆಸರೂ ಇಲ್ಲಿ ಬೇಡ. ಪರೀಕ್ಷೆಗೆ ಇಟ್ಟದ್ದು ಒಂದು ಪೈಂಟ್ ಕಾಸ್ಕ್ ಬಿಟರ್ (ಪೀಪಾಯಿಯಲ್ಲೇ ಹದವಾಗುವ ಕಹಿ ರುಚಿಯ ಬಿಯರ್), ಒಂದು ತಟ್ಟೆ ಫಿಶ್ ಅಂಡ್ ಚಿಪ್ಸ್, ಒಂದು ಸಂಡೇ ರೋಸ್ಟ್ (ಓವನ್ನಿನಲ್ಲಿ ಬೇಯಿಸಿದ ಮಾಂಸ, ಆಲೂಗೆಡ್ಡೆ, ಗ್ರೇವಿಯ ಭಾನುವಾರದ ಊಟ). ಹಳೇ ಪಬ್ಬಿನಲ್ಲಿ ಮೀನು ಕರಿಯುವುದಿಲ್ಲ. ಅದೇ ಸಾಲಿನ ಚಿಪ್ಪಿಯಿಂದ, ಅಂದರೆ ಫಿಶ್ ಅಂಡ್ ಚಿಪ್ಸ್ ಅಂಗಡಿಯಿಂದ, ಪೊಟ್ಟಣ ತಂದು ಅಲ್ಲೇ ಕೂತು ತಿನ್ನಬಹುದು. ಅಡುಗೆಮನೆ ಇಲ್ಲದ ಪಬ್ಬುಗಳಲ್ಲಿ ಹೀಗೆ ಬಿಡುವವರಿದ್ದಾರೆ, ಬಾರಿನಲ್ಲಿ ಮೊದಲೇ ಒಂದು ಮಾತು ಕೇಳಿದರೆ ಸಾಕು.

ಮೊದಲು ಒಂದಿಷ್ಟು ಹಿನ್ನೆಲೆ. ಬ್ರಿಟನ್ ಸರ್ಕಾರದ 1989ರ ಬಿಯರ್ ಆದೇಶಗಳು ಬಿಯರ್ ತಯಾರಿಸುವ ದೊಡ್ಡ ಬ್ರೂವರಿಗಳ ಕೈಯಲ್ಲಿದ್ದ ಪಬ್ಬುಗಳಿಗೆ ಮಿತಿ ಹಾಕಿದವು. ಸಾವಿರಾರು ಪಬ್ಬುಗಳು ಕೈ ಬದಲಾದವು. 1991ರಲ್ಲಿ ಫ್ಯಾರಿಂಗ್ಡನ್ ರೋಡಿನ 'ದಿ ಈಗಲ್' ಪಬ್ಬನ್ನು ಮೈಕಲ್ ಬೆಲ್ಬೆನ್ ಮತ್ತು ಡೇವಿಡ್ ಏರ್ ವಹಿಸಿಕೊಂಡರು. ಗ್ಯಾಸ್ಟ್ರೋಪಬ್ ಅನ್ನುವ ಮಾತಿನ ಮೂಲಕ್ಕೆ ಎಲ್ಲರೂ ತೋರಿಸುವುದು ಆ ಜಾಗವನ್ನೇ. ಬಾರಿನ ಹಿಂದೆಯೇ ಪುಟ್ಟ ತೆರೆದ ಅಡುಗೆಮನೆ, ಹಲಗೆಯ ಮೇಲೆ ಅವತ್ತಿನ ಕೆಲವೇ ತಿನಿಸು, ಬಾರಿನಲ್ಲೇ ಆರ್ಡರ್. ಚಿಕ್ಕ ಅಡುಗೆಮನೆಗೆ ಚಿಕ್ಕ ಮೆನು, ಲೆಕ್ಕ ಸರಿಯಾಗಿತ್ತು. ಆಮೇಲೆ ಬಂದವರಲ್ಲಿ ಬಹಳ ಜನ ಹಲಗೆ, ಕುರ್ಚಿ ಉಳಿಸಿಕೊಂಡು ಲೆಕ್ಕ ಮರೆತರು. ನಾವು ನೋಡಿದ ಗ್ಯಾಸ್ಟ್ರೋಪಬ್ಬಿನ ಹಲಗೆಯಲ್ಲಿ ಇಪ್ಪತ್ತೆಂಟು ತಿನಿಸು. ಒಳಗೆ ಬೇಯಿಸುವವರು ಇಬ್ಬರು.

ಬಿಯರ್

ಇಲ್ಲಿ ಹಳೇ ಪಬ್ಬೇ ಗೆದ್ದಿತು. ಅಚ್ಚರಿ ಅಂದರೆ ಎರಡನೇ ಸ್ಥಾನ ಚೈನ್ ಪಬ್ಬಿಗೆ. ಕಾರಣ ತಿಳಿಯಲು ನೆಲಮಾಳಿಗೆಗೆ ಇಳಿಯಬೇಕು.

ಕಾಸ್ಕ್ ಏಲ್ (ಬಿಟರ್ ಅದರದೇ ಒಂದು ಬಗೆ) ಸತ್ತ ಬಿಯರ್ ಅಲ್ಲ. ಪೀಪಾಯಿಯೊಳಗೆ ಯೀಸ್ಟ್ ಇನ್ನೂ ಕೆಲಸ ಮಾಡುತ್ತಿರುತ್ತದೆ. ಪೀಪಾಯಿಯನ್ನು ಅಲುಗದಂತೆ ಮಲಗಿಸಿ, ಮೇಲಿನ ತೂತಿಗೆ ಗಾಳಿಯಾಡುವ ಮೆದು ಮರದ ಬೆಣೆ ಹೊಡೆದು ಹೆಚ್ಚಿನ ಗ್ಯಾಸ್ ಬಿಡುತ್ತಾರೆ. ಒಂದೆರಡು ದಿನ ಮಡ್ಡಿ ತಳಕ್ಕಿಳಿಯಲು ಬಿಟ್ಟು, ಆಮೇಲೆ ನಲ್ಲಿ ಜೋಡಿಸುತ್ತಾರೆ. ರಾತ್ರಿ ಬಾರ್ ಮುಚ್ಚಿದ ಮೇಲೆ ಗಟ್ಟಿ ಬೆಣೆ ಹಾಕದಿದ್ದರೆ ಉಳಿದ ಗ್ಯಾಸೂ ಹೋಗಿ ಬೆಳಗ್ಗೆ ಬಿಯರ್ ಚಪ್ಪೆ. ನೆಲಮಾಳಿಗೆಯ ಬಿಸಿ 11ರಿಂದ 13 ಡಿಗ್ರಿ ಇರಬೇಕು, ಕೊಳವೆಗಳನ್ನು ವಾರಕ್ಕೊಮ್ಮೆ ತೊಳೆಯಬೇಕು. ಇಷ್ಟೆಲ್ಲ ಸರಿಯಾಗಿ ಮಾಡಿದರೂ, ಬಿಯರ್ ಇಳಿದಷ್ಟೂ ಆ ಜಾಗಕ್ಕೆ ಗಾಳಿ ನುಗ್ಗುತ್ತದೆ. ನಲ್ಲಿ ತೆರೆದ ಮೂರು ದಿನದೊಳಗೆ ಪೀಪಾಯಿ ಖಾಲಿಯಾಗದಿದ್ದರೆ ಹುಳಿ ಹಿಡಿಯುವ ಸಂಭವ ಹೆಚ್ಚು.

ಈಗ ಗುಣಾಕಾರ. ಸಾಮಾನ್ಯ ಪೀಪಾಯಿ ಫರ್ಕಿನ್; 9 ಗ್ಯಾಲನ್, ಅಂದರೆ 72 ಪೈಂಟ್. ಮೂರು ದಿನಕ್ಕೆ ಭಾಗಿಸಿದರೆ ದಿನಕ್ಕೆ 24. ಬಾರಿನ ಮೇಲೆ, ಪೀಪಾಯಿಯಿಂದ ಬಿಯರ್ ಎಳೆಯುವ ಹ್ಯಾಂಡ್‌ಪಂಪ್ ನಾಲ್ಕಿದ್ದರೆ ದಿನಕ್ಕೆ 96 ಪೈಂಟ್ ಕಾಸ್ಕ್ ಬಿಯರ್ ಹೋಗಲೇಬೇಕು. ಗ್ಯಾಸ್ಟ್ರೋಪಬ್ಬಿನಲ್ಲಿ ನಾಲ್ಕು ಪಂಪ್ ಇದ್ದವು, ಮೇಜುಗಳ ಮೇಲೆಲ್ಲ ವೈನ್ ಗ್ಲಾಸ್. ಅಲ್ಲಿನ ಬಿಟರಿಗೆ ಸೇಬಿನ ವಿನೆಗರಿನ ವಾಸನೆ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಸಾಲದ್ದಕ್ಕೆ ಪಾತ್ರೆ ತೊಳೆಯುವ ಯಂತ್ರದಿಂದ ಆಗಷ್ಟೇ ತೆಗೆದ ಬಿಸಿ ಗ್ಲಾಸು. ಅದರಲ್ಲಿ ಉಳಿದ ರಾಸಾಯನಿಕಕ್ಕೆ ನೊರೆ ಅರೆನಿಮಿಷದಲ್ಲಿ ಮಾಯ. ಹಳೇ ಪಬ್ಬಿನಲ್ಲಿ ಇದ್ದದ್ದು ಎರಡೇ ಪಂಪ್, ಎರಡಕ್ಕೂ ಬಿಡುವಿಲ್ಲ. ಪ್ರತಿ ಗುಟುಕಿಗೂ ಗ್ಲಾಸಿನ ಒಳಗೋಡೆಯಲ್ಲಿ ನೊರೆಯ ಬಳೆ ನಿಂತಿತ್ತು. ಗ್ಲಾಸು ಶುಚಿ ಅನ್ನುವುದಕ್ಕೆ ಅಷ್ಟು ಸಾಕು. ಚೈನ್ ಪಬ್ಬಿನಲ್ಲಿ ಬೆಲೆ ಕಡಿಮೆ, ಜನ ಜಾಸ್ತಿ, ಪೀಪಾಯಿ ಬೇಗ ಖಾಲಿ. ಸೊಗಸಿಲ್ಲ, ಆದರೆ ತಾಜಾ.

ಕದಡಿದಂತೆ ಬಂದ ಮಾತ್ರಕ್ಕೆ ಬಿಯರ್ ಕೆಟ್ಟಿದೆ ಅನ್ನಬೇಡಿ. ಮಡ್ಡಿ ಇಳಿಸುವ ವಸ್ತು ಹಾಕದೆ ಮಾಡುವವರೂ ಇದ್ದಾರೆ, ಪಂಪಿನ ಬಿಲ್ಲೆಯಲ್ಲೋ ಹಲಗೆಯಲ್ಲೋ ಬರೆದಿರುತ್ತಾರೆ. ಹುಳಿ ಬಂದರೆ ಮಾತ್ರ ಎರಡು ಗುಟುಕಿಗೇ ಬಾರಿಗೆ ವಾಪಸ್ ಒಯ್ಯಿರಿ. ಅರ್ಧ ಕುಡಿದ ಮೇಲೆ ಒಯ್ದರೆ ಯಾರೂ ನಂಬುವುದಿಲ್ಲ. ಪೈಂಟ್ ಅಂದರೆ 568 ಮಿಲಿಲೀಟರ್. ನೊರೆ ಹೆಚ್ಚಾಗಿ ಬಿಯರ್ ಕಡಿಮೆ ಬಂದರೆ 'ಟಾಪ್ ಅಪ್' ಕೇಳುವುದು ಅಲ್ಲಿ ಜಿಪುಣತನ ಅಲ್ಲ, ಎಲ್ಲರೂ ಕೇಳುತ್ತಾರೆ. ವೈನ್ ಕುಡಿಯುವವರಿಗೆ ಒಂದು ಮಾತು: ಗ್ಯಾಸ್ಟ್ರೋಪಬ್ಬಿನಲ್ಲಿ 'ಲಾರ್ಜ್' ಅಂದರೆ 250 ಮಿಲಿಲೀಟರ್, ಬಾಟಲಿಯ ಮೂರನೇ ಒಂದು ಪಾಲು. 125ರ ಗ್ಲಾಸ್ ಕೇಳಿದರೆ ಕೊಡಲೇಬೇಕು ಅನ್ನುವುದು ಲೈಸೆನ್ಸಿನ ಷರತ್ತು, ಹಾಗಂತ ಅವರಾಗಿಯೇ ಹೇಳುವವರು ಕಡಿಮೆ.

ಮೀನು, ಚಿಪ್ಸ್

ನೋಟಕ್ಕೆ ಗ್ಯಾಸ್ಟ್ರೋಪಬ್ಬಿನ ತಟ್ಟೆಯೇ ಚೆಂದ. ಮರದ ಹಲಗೆ, ಪುಟ್ಟ ತಂತಿ ಬುಟ್ಟಿಯಲ್ಲಿ ಚಿಪ್ಸ್, ಅದರ ಮೇಲೆ ಅಡ್ಡಲಾಗಿ ಹ್ಯಾಡಕ್ ಮೀನು. ಕೆಟ್ಟದ್ದೂ ಅಲ್ಲೇ. ಎಣ್ಣೆಯಿಂದ ತೆಗೆದ ಮೀನು ಐದಾರು ನಿಮಿಷ ಆವಿ ಬಿಡುತ್ತಲೇ ಇರುತ್ತದೆ. ಅದನ್ನು ಬಿಸಿ ಚಿಪ್ಸಿನ ಮೇಲೆ ಮಲಗಿಸಿದರೆ ಇದರ ಆವಿ ಅದಕ್ಕೆ, ಅದರ ಆವಿ ಇದಕ್ಕೆ. ಮೇಜಿಗೆ ಬರುವ ಹೊತ್ತಿಗೆ ಮೇಲ್ಭಾಗ ಗರಿಗರಿ, ಅಡಿಭಾಗ ಒದ್ದೆ ಬಟ್ಟೆ.

ಫೋರ್ಕಿನಿಂದ ಹಿಟ್ಟಿನ ಹೊದಿಕೆ ಎತ್ತಿ ನೋಡಿ. ಮೀನಿಗೆ ಅಂಟಿದ ಕಡೆ ಅಂಟಂಟಾದ ಬಿಳಿ ಪದರ ಕಂಡರೆ ಮೂರರಲ್ಲಿ ಒಂದು ತಪ್ಪಾಗಿದೆ: ಮೀನಿನ ತೇವ ಒರೆಸಿ ಒಣಹಿಟ್ಟು ಸವರಿಲ್ಲ, ಕಲಸಿದ ಹಿಟ್ಟು ದಪ್ಪ ಅಥವಾ ಬೆಚ್ಚಗಿತ್ತು, ಇಲ್ಲವೇ ಎಣ್ಣೆಯ ಬಿಸಿ ಇಳಿದಿತ್ತು. ಮೂರನೆಯದೇ ಹೆಚ್ಚು. 180 ಡಿಗ್ರಿಯ ಚಿಕ್ಕ ಫ್ರೈಯರಿಗೆ ಒಟ್ಟಿಗೆ ನಾಲ್ಕು ಮೀನು ಬಿಟ್ಟರೆ ಬಿಸಿ ಧಡಾರನೆ ಇಳಿಯುತ್ತದೆ. ಹೊದಿಕೆ ಕರಿಯುವ ಬದಲು ಎಣ್ಣೆ ಕುಡಿಯುತ್ತದೆ. ಚಿಪ್ಪಿಯಲ್ಲಿ ಹಾಗಾಗುವುದಿಲ್ಲ. ಅಲ್ಲಿಯ ಬಾಣಲೆ ದೊಡ್ಡದು, ಎಣ್ಣೆ ಹೆಚ್ಚು, ದಿನವಿಡೀ ಅದೊಂದೇ ಕೆಲಸ. ಕರಿದ ಮೀನನ್ನು ಅವರು ಇಡುವುದು ಕಂಬಿಯ ಜಾಲರಿ ಮೇಲೆ, ಆವಿ ಕೆಳಗಿಂದಲೂ ಹೋಗಲಿ ಅಂತ.

ಚಿಪ್ಸಿನ ವಿಷಯ. 'ಟ್ರಿಪಲ್ ಕುಕ್ಡ್' ಅಂತ ಬರೆದಿದ್ದರೆ ಕೆಲಸ ಹೀಗಿರಬೇಕು: ಒಡೆಯುವ ಹಂತದವರೆಗೆ ನೀರಿನಲ್ಲಿ ಬೇಯಿಸಿ, ಪೂರ್ತಿ ಆರಿಸಿ, 130 ಡಿಗ್ರಿ ಎಣ್ಣೆಯಲ್ಲಿ ಸುಮಾರು ಐದು ನಿಮಿಷ ಕರಿದು, ಮತ್ತೆ ಆರಿಸಿ, ಕೊನೆಗೆ 180ರಲ್ಲಿ ಹೊಂಬಣ್ಣ ಬರುವವರೆಗೆ. ಎರಡು ಸಲ ಆರಿಸುವುದೇ ಇದರ ಗುಟ್ಟು. ತೇವ ಹೋದಷ್ಟೂ ಹೊರಪದರ ಗಾಜಿನಂತೆ ಒಡೆಯುತ್ತದೆ. ಹೀಗೆ ಮಾಡಿದ ಚಿಪ್ಸಿನ ಅಂಚು ಬಿರುಕು ಬಿರುಕಾಗಿ ಒರಟಾಗಿರುತ್ತದೆ, ಒಂದರಂತೆ ಇನ್ನೊಂದಿರುವುದಿಲ್ಲ. ನಮ್ಮ ಬುಟ್ಟಿಯಲ್ಲಿದ್ದವು ಸ್ಕೇಲ್ ಹಿಡಿದು ಕತ್ತರಿಸಿದಂತೆ, ನಾಲ್ಕೂ ಅಂಚು ನುಣುಪು. ಫ್ರೀಜರ್ ಚೀಲದಿಂದ ಬಂದವು. ಚೈನ್ ಪಬ್ಬಿನದ್ದೂ ಫ್ರೀಜರಿನದೇ, ಮೀನು ಸಮೇತ. ಆದರೆ ಅವರು ಟ್ರಿಪಲ್ ಕುಕ್ಡ್ ಅಂತ ಬರೆದುಕೊಂಡಿರಲಿಲ್ಲ, ಗ್ಯಾಸ್ಟ್ರೋಪಬ್ಬಿನ ಮುಕ್ಕಾಲು ಬೆಲೆಯನ್ನೂ ಕೇಳಲಿಲ್ಲ.

ಸಂಡೇ ರೋಸ್ಟ್

ಇದರಲ್ಲಿ ಯಾವ ಪಬ್ ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಅನ್ನುವುದು ಮುಖ್ಯ. ಗ್ಯಾಸ್ಟ್ರೋಪಬ್ಬಿನ ಒಂದು ಗಂಟೆಯ ರೋಸ್ಟ್ ಚೆನ್ನಾಗಿಯೇ ಇತ್ತು, ಮಾಂಸದ ನಡುವೆ ಗುಲಾಬಿ ಬಣ್ಣ ಉಳಿದಿತ್ತು. ಅದೇ ಅಡುಗೆಮನೆಯ ನಾಲ್ಕು ಗಂಟೆಯ ತಟ್ಟೆ ಬೇರೆಯೇ. ಹೋಳುಗಳನ್ನು ಮೊದಲೇ ಕೊಯ್ದಿಟ್ಟು, ಬಿಸಿ ಗ್ರೇವಿ ಸುರಿದು ಬೆಚ್ಚಗೆ ಮಾಡಿದ್ದು. ತುದಿಯಿಂದ ತುದಿಗೆ ಬೂದುಬಣ್ಣ.

ರೋಸ್ಟಿನ ಜೊತೆ ಕೊಡುವ, ಸಿಹಿಯಿಲ್ಲದ ಯಾರ್ಕ್‌ಶೈರ್ ಪುಡಿಂಗ್ ಸುಳ್ಳು ಹೇಳುವುದಿಲ್ಲ. ಮೊಟ್ಟೆ, ಹಾಲು, ಮೈದಾ ಮೂರನ್ನೂ ಒಂದೇ ಬಟ್ಟಲಲ್ಲಿ ಅಳೆದು ಸಮ ಸಮ, ಒಂದು ಚಿಟಿಕೆ ಉಪ್ಪು, ಅರ್ಧ ಗಂಟೆ ನೆನೆಯಲು ಬಿಟ್ಟು, ಹೊಗೆಯಾಡುವಷ್ಟು ಕಾದ ಕೊಬ್ಬಿರುವ ಅಚ್ಚಿಗೆ ಸುರಿದು, 220 ಡಿಗ್ರಿಯಲ್ಲಿ 20ರಿಂದ 25 ನಿಮಿಷ. ನಡುವೆ ಓವನ್ ಬಾಗಿಲು ತೆಗೆದರೆ ಕುಸಿಯುತ್ತದೆ. ಒಲೆಯಿಂದ ಇಳಿದ ಹತ್ತು ನಿಮಿಷದಲ್ಲಿ ತಿಂದರೆ ಅಂಚು ಗರಿಗರಿ, ತಳ ಮೆದು. ಬೆಳಗ್ಗೆ ಹನ್ನೊಂದಕ್ಕೆ ಮಾಡಿ ಮತ್ತೆ ಬಿಸಿ ಮಾಡಿದರೆ ಅಂಚು ಬಿಸ್ಕತ್ತು, ತಳ ಚಕ್ಕಳ. ಗ್ರೇವಿ ಹಾಕಿದರೂ ಹೀರುವುದಿಲ್ಲ, ಬಟ್ಟಲಿನಂತೆ ಹಿಡಿದಿಟ್ಟುಕೊಳ್ಳುತ್ತದೆ. ಚೈನ್ ಪಬ್ಬಿನದ್ದು ಎಲ್ಲ ಹೊತ್ತಿನಲ್ಲೂ ಹೀಗೇ ಇತ್ತು.

ಹಳೇ ಪಬ್ಬಿನಲ್ಲಿ ಒಂದೇ ಬಗೆಯ ಮಾಂಸ, ಇಷ್ಟೇ ತಟ್ಟೆ ಅಂತ ಲೆಕ್ಕ. ಮುಗಿದ ಕೂಡಲೇ ಹಲಗೆ ಒರೆಸಿಬಿಡುತ್ತಾರೆ. ಎರಡೂವರೆಗೆ ಹೋದವರಿಗೆ ಸಿಕ್ಕಿದ್ದು ಬಾರಿನಲ್ಲಿ ಮಾರುವ ತೆಳು ಆಲೂ ಚಿಪ್ಸ್ ಪ್ಯಾಕೆಟ್ ಮಾತ್ರ. ಆದರೂ ಮೂರರಲ್ಲಿ ಇದೇ ಒಳ್ಳೆಯ ರೋಸ್ಟ್. ಎಲ್ಲೇ ಆಗಲಿ, ಹನ್ನೆರಡರಿಂದ ಒಂದೂವರೆಯೊಳಗೆ ಮೇಜು ಹಿಡಿಯಿರಿ.

ಬಿಲ್

ಇಬ್ಬರ ಲೆಕ್ಕ. ಗ್ಯಾಸ್ಟ್ರೋಪಬ್: ಮೀನು ತಲಾ 20 ಪೌಂಡ್, ಪೈಂಟ್ ತಲಾ 7, ಹಂಚಿಕೊಂಡ ಒಂದು ಸ್ಟಿಕಿ ಟಾಫಿ ಪುಡಿಂಗ್ 9. ಒಟ್ಟು 63, ಅದರ ಮೇಲೆ ಶೇ 12.5 ಸರ್ವಿಸ್ ಚಾರ್ಜ್ ಸೇರಿ ಹತ್ತಿರಹತ್ತಿರ 71. ಪುಡಿಂಗಿನ ಅಂಚು ಗಟ್ಟಿ, ನಡುಭಾಗ ನಾಲಿಗೆ ಸುಡುವಷ್ಟು ಬಿಸಿ. ಮೈಕ್ರೋವೇವಿನ ಗುರುತು ಅದು. ಚೈನ್ ಪಬ್ಬಿನಲ್ಲಿ ಅದೇ ಪಟ್ಟಿಗೆ 39. ಹಳೇ ಪಬ್ಬಿನ ಎರಡು ಪೈಂಟ್ 12, ಚಿಪ್ಪಿಯ ಎರಡು ಪೊಟ್ಟಣ 26, ಒಟ್ಟು 38, ಸಿಹಿ ಇಲ್ಲ.

'ಡಿಸ್ಕ್ರೀಷನರಿ' (ಕೊಡುವುದು ನಿಮ್ಮಿಷ್ಟ) ಅಂತ ಬಿಲ್ಲಿನ ಕೆಳಗೆ ಸಣ್ಣಕ್ಷರದಲ್ಲಿದ್ದರೆ ಆ ಸರ್ವಿಸ್ ಚಾರ್ಜ್ ತೆಗೆಸಬಹುದು. 2024ರ ಅಕ್ಟೋಬರಿನಿಂದ ಅದು ಪೂರ್ತಿ ಕೆಲಸಗಾರರಿಗೇ ಸೇರಬೇಕು ಅನ್ನುವ ಕಾಯ್ದೆ ಜಾರಿಯಲ್ಲಿದೆ. ಹಾಗಾಗಿ ಅಡುಗೆಯ ಸಿಟ್ಟನ್ನು ಬಡಿಸಿದವರ ಮೇಲೆ ತೀರಿಸುವ ಮೊದಲು ಸ್ವಲ್ಪ ಯೋಚಿಸಿ. ಊಟ ಕೆಟ್ಟಿದ್ದರೆ ಆ ತಿನಿಸಿನ ದುಡ್ಡನ್ನೇ ಕಡಿಮೆ ಮಾಡಿಸುವುದು ಸರಿಯಾದ ದಾರಿ. ಅದಕ್ಕೆ ಎರಡು ತುತ್ತಿನಲ್ಲೇ ಹೇಳಬೇಕು, ತಟ್ಟೆ ಖಾಲಿಯಾದ ಮೇಲಲ್ಲ. ಬಾರಿನಲ್ಲಿ ನಿಂತು ಪೈಂಟ್ ಕೊಳ್ಳುವಾಗ ಟಿಪ್ಸ್ ಕೊಡುವ ರೂಢಿ ಇಲ್ಲ.

ಮಾಂಸ ತಿನ್ನದವರಿಗೆ

ಗ್ಯಾಸ್ಟ್ರೋಪಬ್ ಉಳಿದೆರಡಕ್ಕಿಂತ ಮೇಲಾದದ್ದು ಇಲ್ಲೊಂದೇ ಕಡೆ. ಅಣಬೆಯ ವೆಲಿಂಗ್ಟನ್ (ಪೇಸ್ಟ್ರಿ ಹಿಟ್ಟಿನಲ್ಲಿ ಸುತ್ತಿ ಬೇಯಿಸಿದ್ದು) ಅಲ್ಲೇ ಮಾಡಿದ್ದು, ಪದರ ಪದರವಾಗಿ ಬೆಂದಿತ್ತು. ಆದರೆ ಜೊತೆಗೆ ಬರುವುದನ್ನು ಬಿಡಿಬಿಡಿಯಾಗಿ ವಿಚಾರಿಸಿ. ರೋಸ್ಟ್ ಆಲೂಗೆಡ್ಡೆಗೆ ಬಾತು ಅಥವಾ ದನದ ಕೊಬ್ಬು, ಯಾರ್ಕ್‌ಶೈರಿಗೆ ಅದೇ ಕೊಬ್ಬು, ಗ್ರೇವಿಗೆ ಮೂಳೆಯ ಸಾರು ಇರುವುದು ಮಾಮೂಲು. ಚಿಪ್ಸ್ ಮೀನು ಕರಿದ ಎಣ್ಣೆಯಲ್ಲೇ ಬೆಂದಿರಬಹುದು. ಅಲರ್ಜಿ ಪಟ್ಟಿ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ: ಕಾನೂನು ಹೇಳುವ ಹದಿನಾಲ್ಕು ಅಲರ್ಜಿ ವಸ್ತುಗಳಲ್ಲಿ ದನದ ಕೊಬ್ಬು ಇಲ್ಲ. ಕಾಸ್ಕ್ ಬಿಯರಿನ ಮಡ್ಡಿ ಇಳಿಸಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುವುದೂ ಉಂಟು, ಅದಕ್ಕೆ ಲೇಬಲ್ಲಿನಿಂದ ವಿನಾಯಿತಿ ಇದೆ. 'ವೆಜಿಟೇರಿಯನ್ನಾ' ಅಂತ ಕೇಳಿದರೆ ಹೌದು ಅಂದುಬಿಡುತ್ತಾರೆ. 'ಯಾವ ಕೊಬ್ಬಿನಲ್ಲಿ ಮಾಡಿದ್ದು' ಅಂತ ಕೇಳಿದರೆ ಅಡುಗೆಮನೆಗೆ ಹೋಗಿ ವಿಚಾರಿಸಿಕೊಂಡು ಬರುತ್ತಾರೆ.

ಗ್ಯಾಸ್ಟ್ರೋಪಬ್ಬಿಗೇ ಹೋಗಬೇಕೆಂದಿದ್ದರೆ, ಕೂರುವ ಮುನ್ನ ಹಲಗೆ ನೋಡಿ. ಹತ್ತು ಹನ್ನೆರಡು ತಿನಿಸು, ಒಂದೆರಡರ ಮೇಲೆ 'ಮುಗಿದಿದೆ' ಅಂತ ಗೀಟು ಎಳೆದಿದ್ದರೆ ಕೂರಿ. ಇಪ್ಪತ್ತೆಂಟಿದ್ದು, ಬರ್ಗರೂ ರಿಸೋಟೋನೂ ಥಾಯ್ ಕರಿಯೂ ಅಕ್ಕಪಕ್ಕ ಇದ್ದು, ಸೀಮೆಸುಣ್ಣವನ್ನು ಬೆರಳಿಂದ ಉಜ್ಜಿದರೂ ಅಳಿಯದಿದ್ದರೆ, ಅದು ಸೀಮೆಸುಣ್ಣವಲ್ಲ, ಅಚ್ಚು ಹಾಕಿಸಿದ್ದು.