ಮಡಿಕೇರಿಯ ನಮ್ಮ ಆಡಿಟರ್: ದೇವಸ್ಥಾನದ ಲೆಕ್ಕ, ಚುನಾವಣೆ ಕಾಲದ ಮೈಕು

ಊರ ದೇವಸ್ಥಾನ, ಚರ್ಚು, ಮಸೀದಿ ಕಮಿಟಿಗಳಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಭಾಗಮಂಡಲ ರಸ್ತೆ ಕಡೆಯ ಒಂದು ಊರಿನ ಭಗವತಿ ದೇವಸ್ಥಾನದ ಟ್ರಸ್ಟಿಗೆ ನಾನು ಖಜಾಂಚಿ. ನಮ್ಮದು ಮುಜರಾಯಿ ದೇವಸ್ಥಾನ ಅಲ್ಲ. ಮಡಿಕೇರಿಯ ಓಂಕಾರೇಶ್ವರ, ಭಾಗಮಂಡಲದ ಭಗಂಡೇಶ್ವರ ಇವಕ್ಕೆಲ್ಲ ಸರ್ಕಾರದ ಇಲಾಖೆ ಇದೆ, ಅಧಿಕಾರಿಗಳಿದ್ದಾರೆ. ನಮಗೆ ಇರುವುದು ತಕ್ಕಮುಖ್ಯಸ್ಥರು (ಊರ ದೇವಸ್ಥಾನದ ಹಿರಿಯರು), ಒಂದು ಕಮಿಟಿ, ಒಂದು ರಶೀದಿ ಪುಸ್ತಕ. ಹಾಗಾಗಿ ಒಳ್ಳೆ ಆಡಿಟರ್ ಸಿಗುವುದು ನಮ್ಮಂಥವರಿಗೆ ಬಹಳ ಮುಖ್ಯ.

ನಮ್ಮ ಲೆಕ್ಕ ನೋಡುವುದು ಮಡಿಕೇರಿ ಪೇಟೆಯ ಒಬ್ಬರು ಚಾರ್ಟರ್ಡ್ ಅಕೌಂಟೆಂಟ್. ಹೆಸರು ಹಾಕುತ್ತಿಲ್ಲ. ಅವರ ವೃತ್ತಿಯಲ್ಲಿ ಜಾಹೀರಾತಿಗೆ ಬಿಗಿ ನಿಯಮ ಇದೆಯಂತೆ. "ಕೆಲಸದ ಬಗ್ಗೆ ಬರೀರಿ ಮೇಡಂ, ಹೆಸರು ಬೇಡ" ಅಂದರು. ಅದೇ ಸರಿ.

ಮೊದಲು ಮಾಮೂಲಿ ಕೆಲಸ ಹೇಗೆ ಮಾಡುತ್ತಾರೆ ಅಂತ ಹೇಳುತ್ತೇನೆ. ಆದಾಯ ತೆರಿಗೆ ಕಾಯ್ದೆಯ 12ಎಬಿ ಸೆಕ್ಷನ್ ಪ್ರಕಾರ ಟ್ರಸ್ಟಿನ ನೋಂದಣಿ ಮಾಡಿಸಿಕೊಟ್ಟಿದ್ದು ಅವರೇ. ಆ ನೋಂದಣಿ ಇದ್ದರೆ ಕಾಣಿಕೆ, ಸೇವೆ, ಹಾಲ್ ಬಾಡಿಗೆಯಿಂದ ಬಂದ ಹಣಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗುತ್ತದೆ. ಆದರೆ ವರ್ಷದ ಆದಾಯದಲ್ಲಿ 85% ಟ್ರಸ್ಟಿನ ಉದ್ದೇಶಕ್ಕೇ ಖರ್ಚಾಗಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರ್‌ಗಳು ಬದಲಾಗಿವೆ. ಜನಕ್ಕೆ ಹಳೇ ನಂಬರೇ ಪರಿಚಯ ಅಂತ ಅದನ್ನೇ ಬರೆಯುತ್ತಿದ್ದೇನೆ. ಹುಂಡಿ ತೆರೆಯುವಾಗ ಮೂರು ಜನ ಸಹಿ ಹಾಕಬೇಕು, ಮಾರನೇ ದಿನವೇ ಬ್ಯಾಂಕಿಗೆ ಕಟ್ಟಬೇಕು ಅಂತ ಅಭ್ಯಾಸ ಮಾಡಿಸಿದ್ದೂ ಇವರೇ. ಹೆಸರಿಲ್ಲದ ಕಾಣಿಕೆಗೆ 30% ತೆರಿಗೆ ಅಂತ ಒಂದು ನಿಯಮ ಇದೆ ಅಲ್ವಾ, ಪೂರ್ತಿ ಧಾರ್ಮಿಕ ಟ್ರಸ್ಟಿಗೆ ಅದು ಬರುವುದಿಲ್ಲ ಅಂತ ಕಾಗದ ತೋರಿಸಿ ಸಮಾಧಾನ ಹೇಳಿದರು. 80ಜಿ ರಶೀದಿ, ಅಂದರೆ ದಾನ ಕೊಟ್ಟವರಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗುವ ರಶೀದಿ ಕೊಡಿ ಅಂತ ಬೆಂಗಳೂರಿನಿಂದ ಬರುವ ಭಕ್ತರು ಕೇಳುತ್ತಾರೆ. ಬರೀ ಧಾರ್ಮಿಕ ಟ್ರಸ್ಟಿಗೆ ಅದು ಸಿಗುವುದಿಲ್ಲ, ಸುಮ್ನೆ ಆಸೆ ಹುಟ್ಟಿಸಬೇಡಿ ಅಂತ ನೇರವಾಗಿಯೇ ಹೇಳಿದರು. ಆಗಿದ್ದು ಆಗುತ್ತದೆ, ಆಗದ್ದು ಆಗುವುದಿಲ್ಲ ಅನ್ನುವ ಮನುಷ್ಯ.

ಇಷ್ಟನ್ನು ಯಾವ ಒಳ್ಳೆ ಆಡಿಟರ್ ಆದರೂ ಮಾಡಬಹುದು. ನಾನು ಬರೆಯಲು ಕೂತಿದ್ದು ಚುನಾವಣೆ ವಿಷಯಕ್ಕೆ.

ನಮ್ಮ ಕಡೆ ಊರ ಹಬ್ಬಗಳು ಹೆಚ್ಚಾಗಿ ಮಾರ್ಚ್‌ನಿಂದ ಮೇ ಒಳಗೆ. ಚುನಾವಣೆಯೂ ಸರಿಯಾಗಿ ಅದೇ ಹೊತ್ತಿಗೆ ಬರುತ್ತದೆ. 2023ರಲ್ಲಿ ವಿಧಾನಸಭೆಗೆ ಮಾರ್ಚ್ 29ಕ್ಕೆ ನೀತಿ ಸಂಹಿತೆ ಬಂತು, ಮೇ 10ಕ್ಕೆ ಮತದಾನ. 2024ರಲ್ಲಿ ಲೋಕಸಭೆಗೆ ಮಾರ್ಚ್ 16ಕ್ಕೆ ಶುರುವಾಗಿ, ಮೈಸೂರು-ಕೊಡಗು ಕ್ಷೇತ್ರದಲ್ಲಿ ಏಪ್ರಿಲ್ 26ಕ್ಕೆ ಮತದಾನ. ಎರಡು ಸಲವೂ ನಮ್ಮ ಹಬ್ಬ ನಡುವೆ ಸಿಕ್ಕಿಹಾಕಿಕೊಂಡಿತು. ಹಬ್ಬಕ್ಕೆ ಊರಿಗೆ ಊರೇ ಸೇರುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಇರುವವರೂ ಬರುತ್ತಾರೆ. ಓಟು ಕೇಳುವವರಿಗೆ ಅಷ್ಟು ಜನ ಒಂದೇ ಕಡೆ ಬೇರೆಲ್ಲಿ ಸಿಗುತ್ತಾರೆ?

2023ರಲ್ಲಿ ಒಬ್ಬ ಅಭ್ಯರ್ಥಿಯ ಕಡೆಯವರು ಬಂದರು. ಅನ್ನದಾನದ ಖರ್ಚು ಪೂರ್ತಿ ನಮ್ಮದು ಅಂದರು. ಮಹಾಪೂಜೆ ಆದ ಮೇಲೆ ಐದು ನಿಮಿಷ ಮೈಕು ಕೊಡಿ, ಪಂಕ್ತಿ ಹತ್ತಿರ ಒಂದು ಬ್ಯಾನರ್ ಕಟ್ಟುತ್ತೇವೆ, ಅಷ್ಟೇ. ಇದು ಗೊತ್ತಾದ ಕೂಡಲೇ ಇನ್ನೊಂದು ಪಕ್ಷದವರು ರಸ್ತೆ ಆಚೆ ಇರುವ ನಮ್ಮ ಹಾಲನ್ನು ಸಭೆಗೆ ಕೇಳಿದರು. ಬಾಡಿಗೆ ಎಷ್ಟಾದರೂ ಕೊಡುತ್ತೇವೆ, ಅದು ಗುಡಿಯ ಒಳಗೇನೂ ಅಲ್ವಲ್ಲ ಅಂತ ಅವರ ವಾದ. ಕಮಿಟಿಯಲ್ಲಿ ಜೋರು ಮಾತಾಯಿತು. ಅಣ್ಣ ತಮ್ಮಂದಿರ ಹಾಗೆ ಇದ್ದವರು ಮುಖ ತಿರುಗಿಸಿಕೊಂಡು ಕೂತರು. ನನಗೆ ಬಹಳ ಬೇಜಾರಾಯಿತು. ಊರಲ್ಲಿ ಎಲ್ಲ ಪಕ್ಷದವರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವ ಜಾಗ ಅಂತ ಉಳಿದಿರುವುದು ಅದೊಂದೇ.

ತಕ್ಕಮುಖ್ಯಸ್ಥರನ್ನು ಕರೆದುಕೊಂಡು ಆಡಿಟರ್ ಹತ್ತಿರ ಹೋದೆ. ಹಣದ ವಿಷಯ ಕೇಳಲು ಹೋಗಿದ್ದು. ಅವರು ಲೆಕ್ಕದ ಪುಸ್ತಕ ತೆರೆಯಲೇ ಇಲ್ಲ. ಕಪಾಟಿನಿಂದ ಒಂದು ಕಾಯ್ದೆಯ ಪ್ರತಿ ತೆಗೆದರು. 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ. ಒಂದೊಂದೇ ಸಾಲು ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದರು.

ಸಂಸ್ಥೆಗೆ ಸೇರಿದ ಜಾಗ ಅಷ್ಟೇ ಅಲ್ಲ, ಅದರ ಕೈಕೆಳಗಿರುವ ಯಾವ ಜಾಗವನ್ನೂ ರಾಜಕೀಯ ಚಟುವಟಿಕೆಗೆ ಕೊಡುವ ಹಾಗಿಲ್ಲ. ಅಂದರೆ ರಸ್ತೆ ಆಚೆಯ ಹಾಲೂ ಬಂತು. ಸಂಸ್ಥೆಯ ಹಣ ಮತ್ತು ಬೇರೆ ಯಾವುದೇ ಸ್ವತ್ತನ್ನೂ ಕೊಡುವ ಹಾಗಿಲ್ಲ. ಅಂದರೆ ನಮ್ಮ ಅನ್ನದಾನದ ಪಾತ್ರೆ, ಕುರ್ಚಿ, ಜನರೇಟರ್ ಕೂಡ. ಸಂಸ್ಥೆ ನಡೆಸುವ ಹಬ್ಬ, ಮೆರವಣಿಗೆ, ಸಭೆ ಯಾವುದನ್ನೂ ಅದಕ್ಕೆ ಬಳಸಿಕೊಳ್ಳಲು ಬಿಡುವ ಹಾಗಿಲ್ಲ. ಲೋಕಸಭೆ, ವಿಧಾನಸಭೆ ಮಾತ್ರ ಅಲ್ಲ, ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಂತವರಿಗೂ ಇದೇ ನಿಯಮ. ತಪ್ಪಿದರೆ 5 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಶಿಕ್ಷೆಯಾದರೆ ಕಮಿಟಿಯ ಸ್ಥಾನ ಹೋಗುತ್ತದೆ, ಮುಂದೆ 6 ವರ್ಷ ಯಾವ ಧಾರ್ಮಿಕ ಸಂಸ್ಥೆಯಲ್ಲೂ ಇರುವ ಹಾಗಿಲ್ಲ.

"ಇದು ಅಧ್ಯಕ್ಷರಿಗೆ ಅಲ್ವಾ ಸರ್?" ಅಂದೆ.

"ಕಮಿಟಿ ಮೆಂಬರ್ ಎಲ್ಲರೂ ಬರ್ತಾರೆ ಮೇಡಂ. ಖಜಾಂಚಿ ಸಹಿ ಯಾರದ್ದು?"

ತಕ್ಕಮುಖ್ಯಸ್ಥರಿಗೆ ಬೇರೆಯೇ ಚಿಂತೆ. ಆ ಕಾಯ್ದೆಯಲ್ಲಿ ಆಯುಧ ಒಳಗೆ ಬಿಡಬಾರದು ಅಂತಲೂ ಇದೆ ಅಂತ ಕೇಳಿ ಅವರ ಮುಖ ಸಣ್ಣಗಾಯಿತು. ನಮ್ಮಲ್ಲಿ ಹಬ್ಬಕ್ಕೆ ಕೋವಿ, ಕತ್ತಿ ಎರಡೂ ಬೇಕು. ಆಡಿಟರ್ ಮುಂದಿನ ಸಾಲು ಓದಿದರು: ಪದ್ಧತಿ ಪ್ರಕಾರ ಆಚರಣೆಯ ಭಾಗವಾಗಿ ಬರುವ ಆಯುಧಕ್ಕೆ ಅದು ಅನ್ವಯಿಸುವುದಿಲ್ಲ. ಆ ಸಾಲನ್ನು ತಕ್ಕಮುಖ್ಯಸ್ಥರು ಎರಡನೇ ಸಲ ಓದಿಸಿಕೊಂಡರು. ಆಮೇಲೆ ಕೇಳಿದರು, "ದೇವರ ಬಾಗಿಲಿಗೆ ಬಂದವರನ್ನು ಬೇಡ ಅನ್ನೋದು ಹೇಗಪ್ಪ?"

"ಬೇಡ ಅನ್ನಬೇಡಿ. ಬರಲಿ, ಕೈ ಮುಗೀಲಿ, ಪ್ರಸಾದ ತಗೊಳ್ಳಲಿ, ಪಂಕ್ತಿಯಲ್ಲಿ ಊಟ ಮಾಡಲಿ. ಪಕ್ಷದ ಶಾಲು ಹೊರಗೆ ಇಟ್ಟು ಬರಲಿ. ಮೈಕು ಮಾತ್ರ ಕೊಡಬೇಡಿ."

ಹಣದ ವಿಷಯವನ್ನೂ ಬಿಡಿಸಿ ಹೇಳಿದರು. ಅಭ್ಯರ್ಥಿ ಚುನಾವಣೆ ಕಾಲದಲ್ಲಿ ಅನ್ನದಾನ ಮಾಡಿಸಿ ಬ್ಯಾನರ್ ಕಟ್ಟಿದರೆ, ಅದು ಮತದಾರರಿಗೆ ಆಮಿಷ ಅನ್ನಿಸಿಕೊಳ್ಳಬಹುದು. ಅವರ ಚುನಾವಣಾ ವೆಚ್ಚಕ್ಕೂ ಸೇರಬಹುದು. ಆಗ ನಮ್ಮ ರಶೀದಿ ಪುಸ್ತಕ ಅಧಿಕಾರಿಗಳ ಮೇಜಿನ ಮೇಲೆ ಇರುತ್ತದೆ. ಇನ್ನು ಟ್ರಸ್ಟಿನ ಹಣ ಪಕ್ಷದ ಕೆಲಸಕ್ಕೆ ಹೋದರೆ ಉದ್ದೇಶ ಬಿಟ್ಟು ಖರ್ಚು ಮಾಡಿದಂತೆ. ನೋಂದಣಿಯನ್ನೇ ರದ್ದು ಮಾಡುವ ಅಧಿಕಾರ ತೆರಿಗೆ ಕಮಿಷನರ್‌ಗೆ ಇದೆ. ನೀತಿ ಸಂಹಿತೆಯಲ್ಲಂತೂ ಮಸೀದಿ, ಚರ್ಚು, ದೇವಸ್ಥಾನಗಳನ್ನು ಪ್ರಚಾರದ ವೇದಿಕೆ ಮಾಡಬಾರದು ಅಂತ ಸ್ಪಷ್ಟವಾಗಿಯೇ ಇದೆ. ಧರ್ಮದ ಹೆಸರಲ್ಲಿ ಓಟು ಕೇಳುವುದು 1951ರ ಜನಪ್ರತಿನಿಧಿ ಕಾಯ್ದೆಯಲ್ಲಿ ಭ್ರಷ್ಟ ಆಚರಣೆ. ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಮತದಾರರ ಧರ್ಮದ ಹೆಸರಲ್ಲೂ ಕೇಳುವ ಹಾಗಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ ಹೇಳಿದೆ. ಅದರಲ್ಲಿ 4 ಜನ ಒಂದು ಕಡೆ, 3 ಜನ ಇನ್ನೊಂದು ಕಡೆ ಇದ್ದರು ಅನ್ನುವುದನ್ನೂ ಮುಚ್ಚಿಡದೆ ಹೇಳಿದರು. ಅದು ನನಗೆ ಇಷ್ಟವಾಯಿತು.

ಕಳೆದ ವರ್ಷ ಈ ಮಾತು ಮತ್ತೆ ಎದ್ದಿತು. ಕಮಿಟಿಯ ಒಬ್ಬರ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಚರ್ಚುಗಳಲ್ಲಿ ಇನ್ನು ಮುಂದೆ ಯಾರಿಗೆ ಓಟು ಹಾಕಬೇಕು ಅಂತ ಹೇಳಬಹುದಂತೆ, ತೆರಿಗೆ ವಿನಾಯಿತಿಗೆ ಏನೂ ಆಗುವುದಿಲ್ಲವಂತೆ ಅಂತ ವಾಟ್ಸಾಪ್‌ನಲ್ಲಿ ಕಳಿಸಿದ್ದ. ಅದನ್ನು ತೋರಿಸಿ, ಅಲ್ಲಿ ಆಗುತ್ತೆ ಅಂದರೆ ಇಲ್ಲಿ ಯಾಕೆ ಆಗಬಾರದು ಅಂತ ಕೇಳಿದವರೂ ಇದ್ದರು. ನಾನು ಆಡಿಟರಿಗೆ ಕಳಿಸಿದೆ. ಸಂಜೆಯೊಳಗೆ ಫೋನ್ ಮಾಡಿ ಕೂತು ವಿವರಿಸಿದರು. ಅಮೆರಿಕದಲ್ಲಿ 1954ರಲ್ಲಿ, ಆಗ ಸೆನೆಟರ್ ಆಗಿದ್ದ ಲಿಂಡನ್ ಜಾನ್ಸನ್ ತಂದ ಒಂದು ತಿದ್ದುಪಡಿ ಇದೆ. ತೆರಿಗೆ ವಿನಾಯಿತಿ ಪಡೆಯುವ ಚರ್ಚು, ಧರ್ಮದತ್ತಿ ಸಂಸ್ಥೆಗಳು ಯಾವ ಅಭ್ಯರ್ಥಿಯ ಪರವೂ ವಿರುದ್ಧವೂ ಪ್ರಚಾರ ಮಾಡಬಾರದು ಅಂತ. ನ್ಯೂಯಾರ್ಕ್ ರಾಜ್ಯದ ಒಂದು ಚರ್ಚು 1992ರಲ್ಲಿ ಬಿಲ್ ಕ್ಲಿಂಟನ್ ವಿರುದ್ಧ ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತು ಕೊಟ್ಟಿತ್ತು. 1995ರಲ್ಲಿ ಅದರ ವಿನಾಯಿತಿ ಹೋಯಿತು. 2000ದಲ್ಲಿ ಮೇಲ್ಮನವಿ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. 2025ರ ಜುಲೈಯಲ್ಲಿ ಅಲ್ಲಿನ ತೆರಿಗೆ ಇಲಾಖೆ ಟೆಕ್ಸಾಸ್‌ನ ಒಂದು ಕೋರ್ಟಿಗೆ ಬೇರೆ ಮಾತು ಹೇಳಿತು. ಪೂಜೆ, ಪ್ರಾರ್ಥನೆಯ ಹೊತ್ತಿನಲ್ಲಿ ತಮ್ಮ ಸಭೆಯವರಿಗೆ ಧರ್ಮದ ನೆಲೆಯಲ್ಲಿ ಚುನಾವಣೆ ಬಗ್ಗೆ ಹೇಳಿದರೆ ಅದನ್ನು ಪ್ರಚಾರ ಅಂತ ಎಣಿಸಬೇಕಾಗಿಲ್ಲ ಅಂತ. ಆ ಹುಡುಗ ಓದಿದ್ದು ಅದನ್ನೇ.

"ಅಲ್ಲಿ ಕೇಳೋದು ವಿನಾಯಿತಿ ಉಳಿಯುತ್ತಾ ಹೋಗುತ್ತಾ ಅಂತ. ಇಲ್ಲಿ ತೆರಿಗೆ ಕಟ್ಟಿದರೂ ಮೈಕು ಕೊಡೋ ಹಾಗಿಲ್ಲ, ಇದು ಕ್ರಿಮಿನಲ್ ಕಾಯ್ದೆ" ಅಂದರು. ಕಮಿಟಿಯಲ್ಲಿ ಈ ಮಾತು ಓದಿ ಹೇಳಿದ ಮೇಲೆ ಆ ವಾದ ಅಲ್ಲಿಗೇ ನಿಂತಿತು.

ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಕಾನೂನು ಬಿಟ್ಟರೂ ಗುಡಿಯ ಅಂಗಳದಲ್ಲಿ ಪ್ರಚಾರ ಬೇಡ. ಆ ಹುಂಡಿಗೆ ಹಾಕುವ ಹತ್ತು ರೂಪಾಯಿ ತೋಟದಲ್ಲಿ ಕಾಫಿ ಕೊಯ್ದು ಬಂದ ಹೆಂಗಸಿನದ್ದು. ಅವಳ ಓಟು ಯಾರಿಗೋ ನಮಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಆ ಹಣಕ್ಕೆ ಸರ್ಕಾರ ತೆರಿಗೆ ಬಿಟ್ಟಿದ್ದು ದೇವರ ಕೆಲಸಕ್ಕೆ ಅಂತ. ಅದರಿಂದ ಕೊಂಡ ಮೈಕಿನಲ್ಲಿ ಒಂದು ಪಕ್ಷದ ಮಾತು ಬಂದರೆ ಅವಳಿಗೆ ಮಾಡಿದ ಮೋಸ.

ಆಡಿಟರ್ ಬರೀ ಮಾತಲ್ಲಿ ಬಿಡಲಿಲ್ಲ. ಎರಡು ಪುಟದ ಕನ್ನಡ ಕಾಗದ ಮಾಡಿಕೊಟ್ಟರು. ದಪ್ಪ ಅಕ್ಷರ, ಸಣ್ಣ ಸಣ್ಣ ವಾಕ್ಯ. ಅದನ್ನು ಲ್ಯಾಮಿನೇಟ್ ಮಾಡಿ ಸೇವಾ ಕೌಂಟರಿನ ಹಲಗೆಗೆ ಹೊಡೆದಿದ್ದೇವೆ. ಹಾಲ್ ಬುಕಿಂಗ್ ರಶೀದಿಯ ಹಿಂದೆ "ಯಾವುದೇ ಪಕ್ಷದ ಅಥವಾ ಅಭ್ಯರ್ಥಿಯ ಸಭೆಗೆ ಈ ಹಾಲ್ ಕೊಡುವುದಿಲ್ಲ" ಅಂತ ಅಚ್ಚು ಹಾಕಿಸಲು ಹೇಳಿದರು. ಪಾತ್ರೆ ಹೊರಗೆ ಹೋಗುವ ಪುಸ್ತಕದಲ್ಲಿ "ಯಾವ ಕಾರ್ಯಕ್ರಮಕ್ಕೆ" ಅಂತ ಒಂದು ಕಾಲಂ ಸೇರಿಸಿದರು. ಈ ಕಾಲಂ ಇದೆಯಲ್ಲ, ಅದು ಎಷ್ಟೋ ಜಗಳ ತಪ್ಪಿಸಿದೆ. ಕೇಳುವವರೇ ಪುಸ್ತಕ ನೋಡಿ ಸುಮ್ಮನಾಗುತ್ತಾರೆ. ಇದೇ ಕಾಗದವನ್ನು ಅವರು ತಮ್ಮ ಹತ್ತಿರ ಬರುವ ಚರ್ಚಿನವರಿಗೂ ಮಸೀದಿಯವರಿಗೂ ಕೊಟ್ಟಿದ್ದಾರೆ, ಒಂದಕ್ಷರ ಬದಲಿಲ್ಲದೆ. 2024ರ ಹಬ್ಬ ನಮ್ಮಲ್ಲಿ ಒಂದು ಜೋರು ಮಾತಿಲ್ಲದೆ ಮುಗಿಯಿತು. ಎರಡು ಪಕ್ಷದವರೂ ಬಂದರು, ಒಂದೇ ಪಂಕ್ತಿಯಲ್ಲಿ ಕೂತರು.

ಕೊರತೆ ಇಲ್ಲ ಅಂತಲ್ಲ. ಆಫೀಸು ಮಹಡಿ ಮೇಲೆ, ಲಿಫ್ಟ್ ಇಲ್ಲ. ನಮ್ಮ ತಕ್ಕಮುಖ್ಯಸ್ಥರಿಗೆ ಹತ್ತಿ ಇಳಿಯುವುದು ಕಷ್ಟ. ಗಾಡಿ ನಿಲ್ಲಿಸಲು ಜಾಗ ಹುಡುಕಿ ಸಾಕಾಗುತ್ತದೆ, ಮಳೆಗಾಲದಲ್ಲಂತೂ ಕೇಳಬೇಡಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಫೋನ್ ಎತ್ತುವುದಿಲ್ಲ. ಸಹಾಯಕ್ಕೆ ಇರುವ ಹುಡುಗರಿಗೆ ಟ್ರಸ್ಟ್ ವಿಷಯ ಅಷ್ಟಾಗಿ ಗೊತ್ತಿಲ್ಲ, ಒಂದೇ ಕಾಗದವನ್ನು ಮತ್ತೆ ಮತ್ತೆ ಕೇಳುತ್ತಾರೆ. ಫೀಸೂ ಬೇರೆಯವರಿಗಿಂತ ಜಾಸ್ತಿ. ಆದರೆ ರಶೀದಿ ಕೊಡುತ್ತಾರೆ, ಮೊದಲೇ ಎಷ್ಟು ಅಂತ ಹೇಳುತ್ತಾರೆ, ಆಮೇಲೆ ಏರಿಸುವುದಿಲ್ಲ.

ನಿಮ್ಮ ಕಮಿಟಿ ಯಾವ ಆಡಿಟರ್ ಹತ್ತಿರ ಹೋದರೂ ಟ್ರಸ್ಟ್ ಡೀಡ್, ಪ್ಯಾನ್, ನೋಂದಣಿ ಆದೇಶ, ಹಾಲ್ ಬುಕಿಂಗ್ ಪುಸ್ತಕ, ಸಾಮಾನು ಹೊರಗೆ ಕೊಡುವ ಪುಸ್ತಕ ಎಲ್ಲ ಹಿಡಿದುಕೊಂಡು ಹೋಗಿ. ಕೊನೆಯ ಎರಡನ್ನು ಅವರೇ ಕೇಳುವುದಿಲ್ಲ, ನೀವೇ ಮೇಜಿನ ಮೇಲೆ ಇಟ್ಟು 1988ರ ಕಾಯ್ದೆ ಬಗ್ಗೆ ಕೇಳಿ. ಊರ ಹಬ್ಬದ ದಿನ ಗೊತ್ತು ಮಾಡುವ ಮೊದಲೇ, ಜನವರಿಯಲ್ಲಿ ಹೋದರೆ ಒಳ್ಳೆಯದು. ಆಗ ಅವರಿಗೂ ಪುರುಸೊತ್ತು ಇರುತ್ತದೆ.